ರನ್‌ವೇ ತುದಿಯ ಮೂರು ಮರಗಳು

"ಅಪ್ಪಾ, ನನ್ನ ಏರ್‌ಪೋರ್ಟ್ ಕದ್ದಿದ್ದಾರೆ!"

ಶನಿವಾರ ಬೆಳಗ್ಗೆ ಎಂಟು ಗಂಟೆ. ಅಕ್ಕಿ ರೊಟ್ಟಿಯ ತಟ್ಟೆ ಹಿಡಿದುಕೊಂಡೇ ಓಡಿದೆ. ಮಗಳು ಸುಮಿತಾ ಕಂಪ್ಯೂಟರಿನ ಮುಂದೆ ಬೆಪ್ಪಾಗಿ ಕೂತಿದ್ದಳು.

ಏರ್‌ಪೋರ್ಟ್ ಕದಿಯುವುದೆಂದರೆ ಎಂತದು? ನನಗೂ ಮೊದಲು ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಫ್ಲೈಟ್ ಸಿಮ್ಯುಲೇಟರ್ ಉಂಟು. ಕುರ್ಚಿಯಲ್ಲಿ ಕೂತು ಪರದೆಯ ಮೇಲೆ ವಿಮಾನ ಹಾರಿಸುವುದು. ಅದಕ್ಕೆ ಬೇಕಾದ ವಿಮಾನಗಳನ್ನೂ ನಿಲ್ದಾಣಗಳನ್ನೂ ವೆಬ್‌ಸೈಟಿನಲ್ಲಿ ಒಂದೊಂದಾಗಿ ಕೊಂಡು ಸೇರಿಸಿಕೊಳ್ಳಬೇಕು. ಆಡ್‌ಆನ್ ಎನ್ನುತ್ತಾರೆ. ಭಾನುವಾರ ಬಂತೆಂದರೆ ಮೂರು ಮಂದಿ ನಮ್ಮಲ್ಲಿ ಸೇರಿ, ಹೆಣ್ಣು ನೋಡಲು ಹೋದವರ ಹಾಗೆ ಕೊರತೆ ಹುಡುಕುತ್ತಿದ್ದರು. ಈ ವಿಮಾನದ ಸದ್ದು ಸರಿಯಿಲ್ಲ, ಆ ನಿಲ್ದಾಣದ ದೀಪ ಮಂಕು. ಚಹಾ ಕಾಸಿ ಕಾಸಿ ನನಗೆ ಸಾಕಾಗುತ್ತಿತ್ತು!

ಎಲ್ಲೂ ಸಿಗದ ಒಂದು ನಿಲ್ದಾಣವನ್ನು ಸುಮಿತಾ ತಾನೇ ಮಾಡಿದ್ದಳು. ಕೊಡಗಿನ ಅಮ್ಮತ್ತಿಯ ಹತ್ತಿರ ನಾನು ಮೂವತ್ತು ವರ್ಷ ಜೀಪು ಓಡಿಸಿದ ಕಾಫಿ ಎಸ್ಟೇಟು, ಅದರೊಳಗೆ ಒಂದು ಪುಟ್ಟ ರನ್‌ವೇ. ಎಸ್ಟೇಟು ನಿಜದ್ದು, ರನ್‌ವೇ ಅವಳ ಕಲ್ಪನೆ. ಕಾಫಿ ಕಣ, ಕೂಲಿಯವರ ಲೈನ್ ಮನೆಗಳ ಹೆಂಚು, ಒಂದೊಂದು ಮರ, ಮರಕ್ಕೆ ಹಬ್ಬಿದ ಬಳ್ಳಿ — ಎರಡು ವರ್ಷದ ಕೆಲಸ. ಹೊರದೇಶದ ಆಡ್‌ಆನ್ ಕಂಪೆನಿಯೊಂದು ಕೆಲಸಕ್ಕೆ ಆರಿಸಿದ ಕೊನೆಯ ಐವರಲ್ಲಿ ಅವಳಿದ್ದಳು. ತನ್ನ ನಿಲ್ದಾಣವನ್ನು ಗುರುವಾರ ಅವರಿಗೆ ಕಳಿಸಿದ್ದಳು.

ಈಗ ಅವರ ಉತ್ತರ ಬಂದಿತ್ತು. ಇದೇ ನಿಲ್ದಾಣ ವಾರದ ಹಿಂದೆಯೇ ಬೇರೆಯವರ ಹೆಸರಿನಲ್ಲಿ ವೆಬ್‌ಸೈಟಿಗೆ ಬಂದಿದೆಯಂತೆ. ತನ್ನದೆಂದು ಸೋಮವಾರದೊಳಗೆ ತೋರಿಸಬೇಕು. ಇಲ್ಲವಾದರೆ ಕೆಲಸವಂತೂ ಇಲ್ಲ, ನಕಲು ಮಾಡಿದವಳೆಂದು ಹೆಸರು ಬೀಳುತ್ತದೆ.

"ಹಾಕಿದವನು ಯಾರು?"

"ಎಸ್ಟೇಟ್ ಓನರ್ ಅಂತ ಇಟ್ಕೊಂಡಿದ್ದಾನೆ. ಸುಳ್ಳು ಹೆಸರು ಅಪ್ಪಾ."

ನನ್ನ ಪಿತ್ತ ನೆತ್ತಿಗೇರಿತು. ನನ್ನ ಮಗಳಿಗೆ ಕಳ್ಳಿ ಎಂಬ ಪಟ್ಟವೇ? ನೇರ ಪಕ್ಕದ ಮನೆಗೆ ಹೋದೆ.

ಪಕ್ಕದ ಮನೆಯ ಆಶಾರಾಣಿಯಕ್ಕ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಮೊಣಕಾಲು ನೋವಿಗೆ ಬೈಯುತ್ತಲೇ ಬಂದು ಕೂತರು. ಕಂಪ್ಯೂಟರ್ ಅವರಿಗೆ ಬಾರದು. ಪ್ರಶ್ನೆ ಕೇಳಲು ಬರುತ್ತದೆ.

"ನಿನ್ನ ಏರ್‌ಪೋರ್ಟು ಯಾರ್‍ಯಾರ ಹತ್ರ ಉಂಟು ಮಗಾ?"

"ಭಾನುವಾರ ಬರೋ ಮೂರು ಜನರ ಹತ್ರ ಆಂಟಿ. ತಪ್ಪು ಹುಡುಕಿ ಹೇಳಿ ಅಂತ ಪೆನ್‌ಡ್ರೈವಲ್ಲಿ ಕೊಟ್ಟಿದ್ದೆ. ಬೇರೆ ಯಾರಿಗೂ ಇಲ್ಲ."

"ನೀನೇ ಮಾಡಿದ್ದು ಅನ್ನೋಕೆ ಹಳೇ ಫೋಟೋ, ಹಳೇ ಫೈಲು ಎಂತದೂ ಇಲ್ವಾ?"

ಸುಮಿತಾ ತಲೆ ತಗ್ಗಿಸಿದಳು. ಹೋದ ತಿಂಗಳು ಕಂಪ್ಯೂಟರ್ ಕೆಟ್ಟಾಗ ಆ ಮೂವರಲ್ಲೊಬ್ಬ, ಕಂಪ್ಯೂಟರ್ ಅಂಗಡಿಯ ಶಶಿಕುಮಾರ್, ಎಲ್ಲ ಅಳಿಸಿಬಿಟ್ಟಿದ್ದ. ಉಳಿದದ್ದು ಪೆನ್‌ಡ್ರೈವಿನ ಕೊನೆಯ ಪ್ರತಿ ಮಾತ್ರ. ಎಸ್ಟೇಟಿನ ಡ್ರೋನ್ ಫೋಟೋಗಳು ಇನ್ನೊಬ್ಬ, ಆನಂದನ ಕ್ಯಾಮೆರಾ ಕಾರ್ಡಿನಲ್ಲಿದ್ದವು. ಯಾರದೋ ಮದುವೆ ಶೂಟಿಂಗಿಗೆಂದು ಅವನೂ ಅಳಿಸಿದ್ದ.

"ಅವರಿಬ್ಬರೇ!" ನಾನು ಕೂಗಿದೆ. "ಬೇಕೂಂತಲೇ ಅಳಿಸಿದ್ದಾರೆ!"

"ಸುಮ್ಮನಿರು ಕುಟ್ಟಪ್ಪ. ಮೂರನೆಯವರು?"

"ನಾಣಯ್ಯ ಸಾರ್. ಅವರನ್ನು ಬಿಡಿ ಅಕ್ಕ, ದೇವರಂಥವರು."

ನಾಣಯ್ಯ ಸಾರ್ ಆ ಎಸ್ಟೇಟಿನ ನಿವೃತ್ತ ಮ್ಯಾನೇಜರು. ನಾನು ಓಡಿಸುತ್ತಿದ್ದ ಜೀಪು ಅವರದೇ. ಸುಮಿತಾಳ ಮೊದಲ ಜಾಯ್‌ಸ್ಟಿಕ್ ಕೂಡ ಅವರೇ ಕೊಡಿಸಿದ್ದು.

ಅಕ್ಕ ಕದ್ದದ್ದನ್ನೂ ಅಸಲನ್ನೂ ಅಕ್ಕಪಕ್ಕ ಹಾಕಿಸಿ ನೋಡಿದರು.

"ಎರಡರಲ್ಲಿ ವ್ಯತ್ಯಾಸ ಉಂಟಾ?"

"ರನ್‌ವೇ ಗೆರೆಗೆ ಹಳದಿ ಬಣ್ಣ ಬಳಿದಿದ್ದಾನೆ. ಪೂರ್ವದ ತುದೀಲಿ ಮೂರು ಮರ ತೆಗ್ದಿದ್ದಾನೆ. ವಿಮಾನ ಸುಲಭವಾಗಿ ಇಳೀಲಿ ಅಂತ, ವಿವರಣೇಲೂ ಬರ್ದಿದ್ದಾನೆ. ಅಷ್ಟೇ ಆಂಟಿ, ನಕಲು ಗೊತ್ತಾಗಬಾರದು ಅಂತ."

"ಕದ್ದದ್ದರಲ್ಲಿ ಇಳಿಸು ನೋಡುವ."

ಸುಮಿತಾ ಸಣ್ಣ ವಿಮಾನವೊಂದನ್ನು ಆರಿಸಿ ಪೂರ್ವದಿಂದ ತಂದಳು. ಠಣ್! ಮರಕ್ಕೆ ಬಡಿಯಿತು.

"ಮರ ಕಡಿದರೂ ಬಡೀತಲ್ಲ?"

"ಪೆದ್ದ ಅವನು ಆಂಟಿ. ಗಿಡ್ಡ ಹಾಲುವಾಣದ ಮರ ಕಡಿದು, ಉದ್ದದ ಸಿಲ್ವರ್ ಓಕ್ ಮರ ಬಿಟ್ಟಿದ್ದಾನೆ."

ಅಕ್ಕ ಮೂಗು ತಾಗುವಷ್ಟು ಬಗ್ಗಿ ಪರದೆ ನೋಡಿದರು. "ನಾಳೆ ಮೂವರೂ ಬರಲಿ," ಎಂದರು. "ಕಳ್ಳತನದ ಸುದ್ದಿ ಎತ್ತಬೇಡಿ. ನಿನಗೇ ಹೇಳಿದ್ದು ಕುಟ್ಟಪ್ಪ, ನಿನ್ನ ಬಾಯಿಗೆ ಬೀಗ ಇಲ್ಲ."

ಭಾನುವಾರ ಹತ್ತು ಗಂಟೆಗೆ ಮೂವರೂ ಬಂದರು. ಒಳಗೆ ಕುದಿಯುತ್ತಿದ್ದರೂ ಚಹಾ ಕೊಟ್ಟೆ. ಶಶಿಕುಮಾರ್ ನನ್ನ ಮುಖ ನೋಡದೆ ಮೊಬೈಲ್ ತಿಕ್ಕುತ್ತಿದ್ದ — ಯಾಕೆ? ಆನಂದ್ ಇಲ್ಲದ ಜೋಕಿಗೆ ನಗುತ್ತಿದ್ದ — ಯಾಕೆ? ಎರಡು ಬಿಟ್ಟರೆ ಇಬ್ಬರೂ ಬಾಯಿ ಬಿಡುತ್ತಾರೆ ಅನ್ನಿಸಿತು.

ಅಕ್ಕ ಒಬ್ಬೊಬ್ಬರನ್ನೇ ಒಳಗೆ ಕರೆದರು. ನಾನು ಬಾಗಿಲ ಬಳಿ ನಿಂತೆ. ಮೊದಲು ಶಶಿಕುಮಾರ್. ಹುಣಸೂರಿನಿಂದ ಬಂದು ಅಂಗಡಿ ಇಟ್ಟವನು.

"ನಾನೂ ಕಲೀತಾ ಇದ್ದೇನೆ ತಮ್ಮ. ಪಶ್ಚಿಮದಿಂದ ಇಳಿಸೋಕೆ ಹೋದ್ರೆ ಮರಕ್ಕೆ ಬಡೀತದೆ. ಒಂದು ಮೂರು ಮರ ತೆಗೆದುಕೊಡು."

"ಅಷ್ಟೇನಾ ಮೇಡಂ?" ಟಕ್, ಟಕ್, ಟಕ್. ಎತ್ತರದ ಮೂರು ಸಿಲ್ವರ್ ಮರ ಮಾಯ.

"ಸುಮಿತಾಳ ಕಂಪ್ಯೂಟರಲ್ಲಿ ಎಲ್ಲ ಯಾಕೆ ಅಳಿಸಿದೆ?"

ಅವನ ಮುಖ ಬಾಡಿತು. "ನನ್ನ ತಪ್ಪೇ ಮೇಡಂ. ಕೇಳದೆ ಅಳಿಸಿಬಿಟ್ಟೆ. ಆವತ್ತಿಂದ ಕುಟ್ಟಪ್ಪಣ್ಣನ ಮುಖ ನೋಡೋಕೇ ಆಗ್ತಿಲ್ಲ."

ಸುಮಿತಾ ಮರಗಳನ್ನು ಮತ್ತೆ ನಿಲ್ಲಿಸಿದಳು. ಆನಂದ್ ಬಂದ. ಶಿರಂಗಾಲದ ಜೋಳ, ಶುಂಠಿ ಬೆಳೆಯುವ ಮನೆಯ ಹುಡುಗ. ಅವನೂ ಯೋಚಿಸದೆ ಸಿಲ್ವರ್ ಮರಗಳನ್ನೇ ಕಿತ್ತ. "ಉದ್ದ ಇರೋದನ್ನೇ ತಾನೇ ತೆಗೀಬೇಕು ಆಂಟಿ?" ಎಂದು ನಕ್ಕ.

ಇದೆಂಥ ವಿಚಾರಣೆ? ಕಳ್ಳನನ್ನು ಹಿಡಿಯೆಂದರೆ ಈ ಹೆಂಗಸು ಮರ ಕಡಿಸುತ್ತಿದ್ದಾರಲ್ಲ! ಹೊತ್ತು ಬೇರೆ ಓಡುತ್ತಿತ್ತು. ನಾಳೆಯೇ ಸೋಮವಾರ.

ಕೊನೆಗೆ ನಾಣಯ್ಯ ಸಾರ್. ಕನ್ನಡಕ ಏರಿಸಿ ಕೂತರು. ಬಾಣದ ಗುರುತು ಮೊದಲನೆಯ ಸಿಲ್ವರ್ ಮರದ ಮೇಲೆ ನಿಂತಿತು. ಕೈ ಒತ್ತಲಿಲ್ಲ. ಗುರುತು ಪಕ್ಕಕ್ಕೆ ಸರಿಯಿತು. ಒಂದು ಹಾಲುವಾಣ ಹೋಯಿತು. ಇನ್ನೊಂದು. ಮತ್ತೊಂದು.

"ಸಿಲ್ವರ್ ಯಾಕೆ ಬಿಟ್ರಿ ಸಾರ್?" ಅಕ್ಕ ತಣ್ಣಗೆ ಕೇಳಿದರು.

"ಎಂತ ಕೇಳ್ತೀರಿ ಮಾರಾಯ್ತಿ! ಅದರಲ್ಲಿ ಮೆಣಸಿನ ಬಳ್ಳಿ ಉಂಟಲ್ಲ? ಕಾಯಿ ಹಿಡಿದ ಬಳ್ಳಿ ಯಾರಾದ್ರೂ ಕಡೀತಾರಾ?"

ಅಕ್ಕ ಉಳಿದಿಬ್ಬರನ್ನೂ ಒಳಗೆ ಕರೆದರು. ಸುಮಿತಾಗೆ ಕದ್ದ ನಿಲ್ದಾಣವನ್ನು ತೆರೆಯಲು ಹೇಳಿದರು.

"ಇದು ಎಸ್ಟೇಟ್ ಓನರ್ ಅನ್ನೋವ ಹಾಕಿದ್ದು. ಪೂರ್ವದ ತುದಿ ನೋಡಿ. ವಿಮಾನ ಇಳೀಲಿ ಅಂತಲೇ ಮೂರು ಮರ ಕಡಿದಿದ್ದಾನೆ. ವಿಮಾನಕ್ಕೆ ಅಡ್ಡ ಇರೋದು ಸಿಲ್ವರ್, ಕಡಿದದ್ದು ಹಾಲುವಾಣ. ಸುಮಿತಾ ಅವನನ್ನು ಪೆದ್ದ ಅಂದಳು. ನಾನೂ ಮೊದಲು ಹಾಗೇ ಅಂದ್ಕೊಂಡೆ. ಆಮೇಲೆ ಹತ್ತಿರದಿಂದ ನೋಡಿದೆ. ಸಿಲ್ವರ್ ಬುಡದಿಂದ ಮೇಲಿನವರೆಗೆ ಈ ಮಗು ಮೆಣಸಿನ ಬಳ್ಳಿ ಹಬ್ಬಿಸಿದ್ದಾಳೆ. ಹಾಲುವಾಣದಲ್ಲಿ ಬಳ್ಳಿ ಇಲ್ಲ. ಶಶಿಕುಮಾರನಿಗೂ ಆನಂದನಿಗೂ ಅದು ಬರೀ ಮರ, ಇಬ್ಬರೂ ಎತ್ತರ ನೋಡಿ ತೆಗೆದರು. ಪರದೆ ಮೇಲಿನ ಮೆಣಸಿಗೂ ಕೈ ಎತ್ತೋಕೆ ಆಗದವರು ಈ ಮೂವರಲ್ಲಿ ಒಬ್ಬರೇ. ಕದ್ದವನು ಕಡಿದದ್ದು ಪೂರ್ವದಲ್ಲಿ. ಅನುಮಾನ ಬರಬಾರದು ಅಂತ ನಾನು ಪಶ್ಚಿಮದಲ್ಲಿ ಕಡಿಸಿದೆ. ಅಲ್ಲಿಯೂ ಅದೇ ಕೈ, ಅದೇ ಮನಸ್ಸು. ಕದ್ದವರು ನೀವು, ನಾಣಯ್ಯ ಸಾರ್."

ಇಲ್ಲವೆನ್ನಿ ಸಾರ್, ಒಂದು ಸಲ ಇಲ್ಲವೆನ್ನಿ! ಮನಸ್ಸಿನಲ್ಲೇ ಬೇಡಿಕೊಂಡೆ.

ಅವರು ಇಲ್ಲವೆನ್ನಲಿಲ್ಲ. ಕನ್ನಡಕ ತೆಗೆದು ಮೇಜಿಗೆ ಬಡಿದರು.

"ಹೌದು, ನಾನೇ. ಅದು ನನ್ನ ತೋಟ! ಮೂವತ್ತೆರಡು ವರ್ಷ ಒಂದೊಂದು ಗಿಡ ಸಾಕಿದೆ. ಓನರು ವರ್ಷಕ್ಕೆ ಎರಡು ದಿನ ಬಂದವ. ರಿಟೈರ್ ಆದ ಮಾರನೇ ದಿನ ಗೇಟಲ್ಲಿ ವಾಚ್‌ಮ್ಯಾನ್ ನನ್ನ ಹೆಸರು ಕೇಳಿದ ಗೊತ್ತಾ? ಈ ಹುಡುಗಿ ನಾಲ್ಕು ಫೋಟೋ ತೆಗೆಸಿದ್ದಕ್ಕೆ ಅದು ಅವಳದ್ದಾಯ್ತಾ? ಎಲ್ಲಾದರೂ ಒಂದು ಕಡೆ ಅದರ ಓನರ್ ನಾನಾಗಬೇಕಿತ್ತು. ಆ ಸಿಲ್ವರ್ ನೆಟ್ಟವನು ನಾನು!"

ಅವರ ಎದುರು ಎಂದೂ ದನಿ ಎತ್ತದವನು ನಾನು. ಆದರೆ ಮಗಳ ಕೆಂಪಾದ ಕಣ್ಣು ನೋಡಿ ಎರಡು ಹೆಜ್ಜೆ ಮುಂದೆ ಬಂದೆ.

"ಸಿಲ್ವರ್ ನೆಟ್ಟವನು ಲೈನ್ ಮನೆಯ ಚೋಮ, ಸಾರ್. ಗುಂಡಿ ತೆಗೆದವಳು ಅವನ ಹೆಂಡತಿ ಲಿಂಗಿ. ನೀವು ಜೀಪಲ್ಲಿ ಕೂತಿದ್ರಿ. ಜೀಪು ಓಡಿಸಿದವನು ನಾನು. ನಾವು ಮೂರು ಜನ ಯಾವತ್ತಾದರೂ ತೋಟ ನಮ್ಮದು ಅಂದೆವಾ?"

ನಾಣಯ್ಯ ಸಾರ್ ಕುರ್ಚಿಯಲ್ಲೇ ಕುಗ್ಗಿ ಹೋದರು. "ಎಂತ ಮಾಡಬೇಕು ಹೇಳಮ್ಮ," ಎಂದರು.

ಸುಮಿತಾ ಕೀಬೋರ್ಡನ್ನು ಅವರತ್ತ ಸರಿಸಿದಳು. "ಕಂಪೆನಿಗೆ ಬರೀರಿ ಅಂಕಲ್. ಆ ಎಸ್ಟೇಟ್ ಓನರ್ ಅಕೌಂಟಿಂದಲೇ."

ಅವರು ಒಂದೇ ಬೆರಳಿನಲ್ಲಿ ಇಂಗ್ಲಿಷಿನಲ್ಲಿ ಬರೆಯತೊಡಗಿದರು. ನಾಲ್ಕು ಸಾಲು ಬರೆದು ಕೈ ತೆಗೆದರು. ಸುಮಿತಾ ಓದಿದಳು.

"ತಪ್ಪು ತಿಳುವಳಿಕೆಯಿಂದ ಆಯ್ತು ಅಂತ ಹಾಕಿದ್ದೀರಿ. ತಪ್ಪು ತಿಳುವಳಿಕೆ ಅಲ್ಲ ಅಂಕಲ್. ಕದ್ದೆ ಅಂತ ಬರೀರಿ. ಇಲ್ಲದಿದ್ರೆ ನಾನು ಕಳ್ಳಿ ಆಗ್ತೇನೆ."

ಅವರು ಅಳಿಸಿದರು. ಅವಳು ಹೇಳಿದ ಹಾಗೆ ಬರೆದರು. ಕೆಳಗೆ ತಮ್ಮ ಹೆಸರು ಹಾಕಿದರು.

ಸುಮಿತಾ ಕಳಿಸುವ ಗುಂಡಿ ಒತ್ತಿದಳು. ಎರಡು ದಿನ ಒಂದು ಹನಿ ಕಣ್ಣೀರು ಹಾಕದವಳು ನನ್ನ ಹೆಗಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ನಾಣಯ್ಯ ಸಾರ್ ಎದ್ದು ಬಾಗಿಲವರೆಗೆ ಹೋಗಿ, ರೂಢಿಯಂತೆ ನನ್ನತ್ತ ತಿರುಗಿದರು. ಪ್ರತಿ ಭಾನುವಾರ ಅವರನ್ನು ಮನೆಗೆ ಬಿಟ್ಟು ಬರುತ್ತಿದ್ದವನು ನಾನೇ. ನಾನು ಮಗಳ ಬೆನ್ನು ಸವರುತ್ತಾ ನಿಂತೇ ಇದ್ದೆ. ಅವರು ಗೇಟು ದಾಟಿ ನಡೆದುಕೊಂಡು ಹೋದರು.