ಮೂರು ಗಂಟೆಯವರೆಗೆ ಬೆಕ್ಕುಗಳು

"ಕಪ್ಪೆಗಳೇ, ಎಲ್ಲಾ ರೆಡೀನಾ?"

ಅಕ್ಕ ಇನ್ನೂ ಕೇಳುತ್ತಿದ್ದಳು, ಅಷ್ಟರಲ್ಲೇ ಕಪ್ಪೆಗಳು ಹಾರಿಬಿಟ್ಟವು. ಧಡ್! ಧಡ್! ಧಡಾರ್! ಧಡಾರ್ ಅಂದಿದ್ದು ಗುಡುಗಣ್ಣ. ಅವನಿಗೆ ನಾಲ್ಕೇ ವರ್ಷ. ಆದರೆ ಹಾರಿದರೆ ಅಕ್ಕಿ ಮೂಟೆ ಬಿದ್ದ ಹಾಗೆ.

ಆಗಲೇ ಯಾರೋ ಬಾಗಿಲು ಬಡಿದರು.

ಅಮ್ಮ ಬಾಗಿಲು ತೆಗೆದಳು. ಕೆಳಗಿನ ಮನೆಗೆ ಹೋದ ವಾರ ಬಾಡಿಗೆಗೆ ಬಂದಿದ್ದ ಬಸ್ ಡ್ರೈವರ್ ನಿಂತಿದ್ದರು. ಕೂದಲು ಕೆದರಿತ್ತು. ಕಣ್ಣು ಕೆಂಡದ ಹಾಗೆ ಕೆಂಪಗಿತ್ತು.

"ಏನಮ್ಮಾ ಇದು, ಮನೇನೋ ಕುಸ್ತಿ ಅಖಾಡಾನೋ? ನಾನು ರಾತ್ರಿ ಡ್ಯೂಟಿ ಮಾಡೋನು. ನಾಲ್ಕು ದಿನ ಆಯ್ತು ಕಣ್ಣು ಮುಚ್ಚಿ. ಹೀಗೇ ಆದ್ರೆ ಓನರ್‌ಗೆ ಹೇಳ್ಬೇಕಾಗುತ್ತೆ."

ಅಮ್ಮನ ಮುಖ ಸಣ್ಣಗಾಯಿತು. "ಇಲ್ಲ ಇಲ್ಲ, ಇನ್ನು ಸದ್ದು ಬರಲ್ಲ" ಅಂದಳು.

ಮನೆಯ ಮುಂದಿನ ರೂಮಿನಲ್ಲೇ ಅಮ್ಮ ಡೇ ಕೇರ್ ನಡೆಸುತ್ತಿದ್ದಳು. ಕೆಲಸಕ್ಕೆ ಹೋಗುವ ಅಪ್ಪ-ಅಮ್ಮಂದಿರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಿದ್ದರು. ಒಟ್ಟು ಆರು ಮಕ್ಕಳು. ಅಮ್ಮನ ಹತ್ತು ವರ್ಷದ ಮಗಳನ್ನು ಅವರೆಲ್ಲ "ಅಕ್ಕ" ಅನ್ನುತ್ತಿದ್ದರು. ಕೇಳಿ ಕೇಳಿ ಅಮ್ಮನಿಗೂ ಅದೇ ರೂಢಿಯಾಗಿತ್ತು. ಶಾಲೆಗೆ ರಜೆ ಇದ್ದದ್ದರಿಂದ ಅಕ್ಕನೂ ಈಗ ದಿನವಿಡೀ ಅಲ್ಲೇ.

ಅಮ್ಮ ಟಿವಿ ಹಾಕಿದಳು. "ಎಲ್ಲಾ ಇಲ್ಲಿ ಕೂತ್ಕೊಳ್ಳಿ. ಯಾರೂ ಏಳ್ಬಾರ್ದು."

"ಯಾಕೆ?" ಅಂದಳು ಯಾಕಮ್ಮ. ಬಾಯಿ ಬಿಟ್ಟರೆ "ಯಾಕೆ" ಅನ್ನುವ ಮೂರು ವರ್ಷದ ಹುಡುಗಿಗೆ ಅಕ್ಕ ಇಟ್ಟ ಹೆಸರು ಅದು.

"ಯಾಕೆ ಅಂದ್ರೆ... ಹೂಂ, ಟಿವಿ ನೋಡು."

ಮನೆ ಮುಂದೆ ಅಂಗಳವಿರಲಿಲ್ಲ. ಮೆಟ್ಟಿಲಿಳಿದರೆ ನೇರ ರಸ್ತೆ, ರಸ್ತೆ ತುಂಬ ವಾಹನ. ಆರು ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಲು ಅಮ್ಮನಿಗಿದ್ದದ್ದು ಎರಡೇ ಕೈ.

ಒಂದು ವಾರ ಕಳೆಯಿತು. ಮಕ್ಕಳು ಊಟದ ತಟ್ಟೆ ದೂಡಿದರು. ಮಧ್ಯಾಹ್ನ ಮಲಗಿಸಿದರೆ ಹೊರಳಾಡಿದರು. ಗುಡುಗಣ್ಣ ಸುಮ್ಮಸುಮ್ಮನೆ ಯಾಕಮ್ಮನನ್ನು ಕಚ್ಚಿದ. ಎಲ್ಲರಿಗಿಂತ ಚಿಕ್ಕವನು ಚೋಟು. ಕಿಟಕಿ ಸರಳು ಹಿಡಿದು ಎದ್ದು ನಿಲ್ಲುತ್ತಿದ್ದವನು ಈಗ ಮೂಟೆಯ ಹಾಗೆ ಕೂತೇ ಇರುತ್ತಿದ್ದ.

"ಇನ್ನೂ ಹೆಜ್ಜೆ ಇಡ್ಲಿಲ್ವಾ ಇವ್ನು?" ಅಂತ ಸಂಜೆ ಚೋಟುವಿನ ಅಮ್ಮ ಕೇಳಿದಾಗ ಅಮ್ಮ ಅವನ ಟೋಪಿ ಸರಿ ಮಾಡಿದಳು.

ಅಕ್ಕನಿಗೆ ಡ್ರೈವರ್ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅವರು ಮನೆ ಖಾಲಿ ಮಾಡಿದರೆ ಎಷ್ಟು ಚೆನ್ನ! ಮರುದಿನ ಮಧ್ಯಾಹ್ನ ಮೂರೂವರೆಗೆ, "ಅಮ್ಮಾ, ನಾನು ಕೆಳಗಿನ ಅಂಕಲ್ ಹತ್ರ ಮಾತಾಡ್ತೀನಿ" ಅಂದಳು. ಅಮ್ಮ ಬೇಡ ಅನ್ನುವುದರೊಳಗೆ ಮೆಟ್ಟಿಲಿಳಿದಾಗಿತ್ತು.

ಡ್ರೈವರ್ ಬಾಗಿಲು ತೆರೆದಿಟ್ಟು ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದರು. ಅಕ್ಕ ಹೊಸ್ತಿಲಲ್ಲೇ ನಿಂತಳು. ಹೇಳಬೇಕಾದ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಅಷ್ಟರಲ್ಲಿ ಮೇಲೆ ಟಿವಿಯಲ್ಲಿ ಕಾರ್ಟೂನ್ ಮುಗಿದಿರಬೇಕು. ಧಬಧಬ ಧಬಧಬ! ಧಡಾರ್! ತಲೆಯ ಮೇಲಿನ ಬಲ್ಬು ತೂಗಾಡಿತು. ಅಕ್ಕ ಬೆಚ್ಚಿ ಎರಡೂ ಕಿವಿ ಮುಚ್ಚಿಕೊಂಡಳು.

"ಕೇಳಿಸ್ತಾ?" ಅಂದರು ಡ್ರೈವರ್. ದನಿಯಲ್ಲಿ ಸಿಟ್ಟಿರಲಿಲ್ಲ. "ರಾತ್ರಿ ಬಸ್ ಎತ್ತಿದ್ರೆ ಇಳಿಯೋದು ಬೆಳಿಗ್ಗೇನೇ. ಹಿಂದೆ ನಲವತ್ತು ಜನ ನನ್ನ ನಂಬ್ಕೊಂಡು ನಿದ್ದೆ ಮಾಡ್ತಿರ್ತಾರೆ ಮರಿ. ನನಗೇನಾದ್ರೂ ಒಂದು ಸಲ ತೂಕಡಿಕೆ ಬಂದ್ರೆ..."

ಅಕ್ಕನ ಬಾಯಿಪಾಠವೆಲ್ಲ ಮರೆತೇಹೋಯಿತು.

"ಮಕ್ಕಳು ಕೂತೂ ಕೂತೂ ಮಂಕಾಗಿದಾರೆ ಅಂಕಲ್" ಅಂದಳು ಮೆಲ್ಲಗೆ.

"ಕೂತೇ ಇರೋದು ಎಷ್ಟು ಕಷ್ಟ ಅಂತ ನನ್ನ ಸೊಂಟ ಕೇಳು, ಹೇಳುತ್ತೆ."

ಅಕ್ಕನಿಗೆ ನಗು ಬಂತು. "ನೀವು ಎಷ್ಟು ಗಂಟೆಗೆ ಏಳ್ತೀರಾ?"

"ಮೂರಕ್ಕೆ. ಮೂರಾದ ಮೇಲೆ ಕಪ್ಪೆ ಬರಲಿ, ಆನೆ ಬರಲಿ, ನಂದೇನೂ ತಕರಾರಿಲ್ಲ."

ಅಮ್ಮನಿಗೆ ಹೇಳಿದಾಗ ಅವಳು, "ಸರಿ, ಮೂರರವರೆಗೆ? ಮಕ್ಕಳ ಕಾಲು ಕಟ್ಟಿಹಾಕೋಕಾಗುತ್ತಾ?" ಅಂದಳು.

ಅಕ್ಕ ರಾತ್ರಿ ಊಟ ಮಾಡುತ್ತಾ ಯೋಚಿಸಿದಳು. ಬೆಳಿಗ್ಗೆ ಹಲ್ಲುಜ್ಜುತ್ತಾ ಯೋಚಿಸಿದಳು. ಆಮೇಲೆ ಮನೆಯಲ್ಲಿದ್ದ ಹಾಸಿಗೆಗಳನ್ನೆಲ್ಲ ನೆಲಕ್ಕೆ ಹಾಸಿದಳು.

"ಇವತ್ತು ನಾವೆಲ್ಲಾ ಬೆಕ್ಕು. ಬೆಕ್ಕು ನಡೆದ್ರೆ ಇಲಿಗೂ ಕೇಳಿಸಲ್ಲ!"

"ಯಾಕೆ ಕೇಳಿಸಲ್ಲ?"

"ಅದರ ಪಾದದಲ್ಲಿ ಪುಟ್ಟ ಪುಟ್ಟ ದಿಂಬು ಇರುತ್ತೆ."

ಯಾಕಮ್ಮ ತನ್ನ ಪಾದ ತಿರುಗಿಸಿ ನೋಡಿಕೊಂಡಳು. ಎಲ್ಲರೂ ತುದಿಗಾಲಲ್ಲಿ ಹೊರಟರು. ಗುಡುಗಣ್ಣ ಮಾತ್ರ "ಮಿಯಾಂ!" ಅಂತ ಹುಲಿಯ ಹಾಗೆ ಗರ್ಜಿಸಿದ. ಅಮ್ಮ ಓಡಿಬಂದು ಅವನ ಬಾಯಿ ಮುಚ್ಚಿದಳು.

ಬೆಕ್ಕಾದ ಮೇಲೆ ಹಾವು. ಹಾಸಿಗೆಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ ತೆವಳಬೇಕು. ಅದಾದ ಮೇಲೆ ಒಂಟಿಕಾಲಿನ ಕೊಕ್ಕರೆ. ಅಮ್ಮನೂ ಸೆರಗು ಸಿಕ್ಕಿಸಿಕೊಂಡು ಕೊಕ್ಕರೆಯಾದಳು, ವಾಲಿ ಹಾಸಿಗೆಯ ಮೇಲೆ ಬಿದ್ದಳು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಗಡಿಯಾರ ಮೂರು ಹೊಡೆದದ್ದೇ ತಡ, ಬೆಕ್ಕುಗಳೆಲ್ಲ ಕುದುರೆಗಳಾದವು!

ಸಂಜೆಯ ಹೊತ್ತಿಗೆ ಅಕ್ಕನ ಮಂಡಿ ಕೆಂಪಾಗಿತ್ತು. ಆದರೆ ತಟ್ಟೆಗಳು ಖಾಲಿಯಾಗಿದ್ದವು.

ಹತ್ತನೇ ದಿನವೋ ಹನ್ನೊಂದನೇ ದಿನವೋ, ಹಾವುಗಳ ಹಿಂದೆ ಅಂಬೆಗಾಲಿಡುತ್ತಿದ್ದ ಚೋಟು ಅಕ್ಕನ ಫ್ರಾಕ್ ಹಿಡಿದು ಎದ್ದ. ಹಿಡಿದದ್ದನ್ನು ಬಿಟ್ಟ. ಒಂದು ಹೆಜ್ಜೆ, ಎರಡು, ಮೂರು... ಕುಕ್ಕರಿಸಿದ. ಕಿರುಚಲು ಬಾಯಿ ತೆರೆದ ಅಕ್ಕ ಗಡಿಯಾರ ನೋಡಿದಳು. ಹನ್ನೆರಡೂವರೆ. ಕಿರುಚದೆ ಅವನನ್ನು ಗಟ್ಟಿಯಾಗಿ ಅಪ್ಪಿಕೊಂಡಳು.

ಒಂದು ಬೆಳಿಗ್ಗೆ ಅಮ್ಮ ಹಾಲು ತರಲು ಕೆಳಗೆ ಹೋಗಿ ಬಂದವಳು, "ಒಂಬತ್ತಾಯ್ತು, ಡ್ರೈವರ್ ಇನ್ನೂ ಬಂದಿಲ್ಲ. ಬೀಗ ಹಾಗೇ ಇದೆ. ಇವತ್ತು ಬೇಕಾದ್ರೆ ಈಗಲೇ ಕುಣಿಸು" ಅಂದಳು.

"ಹೋ!" ಅಂತ ಮಕ್ಕಳು ಓಡತೊಡಗಿದರು. ಅಕ್ಕ ಓಡಲಿಲ್ಲ. ದಿನಾ ಎಂಟಕ್ಕೆ ಬರುವವರು ಯಾಕೆ ಬಂದಿಲ್ಲ? ಅವಳು ಕಿಟಕಿಯ ಬಳಿ ಹೋದಳು. ರಸ್ತೆಯಲ್ಲಿ ತರಕಾರಿ ಗಾಡಿ, ಸ್ಕೂಟರ್, ಇನ್ನೊಂದು ಸ್ಕೂಟರ್. ಒಂಬತ್ತೂವರೆಯಾಯಿತು. ಹತ್ತಾಯಿತು. ಗುಡುಗಣ್ಣ ಕೈ ಹಿಡಿದು ಎಳೆದರೂ ಅವಳು ಅಲ್ಲಿಂದ ಕದಲಲಿಲ್ಲ.

ಹತ್ತೂಕಾಲಿಗೆ ರಸ್ತೆಯ ತಿರುವಿನಲ್ಲಿ ಖಾಕಿ ಅಂಗಿ ಕಾಣಿಸಿತು. ಅಂಗಿಗೆಲ್ಲ ಮಸಿ. ಕೈಯಲ್ಲಿ ಬ್ಯಾಗು.

"ಅಂಕಲ್! ಯಾಕಿಷ್ಟು ಲೇಟು?"

ಡ್ರೈವರ್ ತಲೆಯೆತ್ತಿ ನೋಡಿದರು. "ದಾರೀಲಿ ಟೈರ್ ಪಂಕ್ಚರ್ ಮರಿ! ಎಲ್ಲಾರ್ನೂ ಊರು ಸೇರಿಸಿ ಬಂದೆ."

ಕೆಳಗೆ ಬೀಗ ತೆಗೆದ ಸದ್ದಾಯಿತು. ಅಕ್ಕ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. ಓಡುತ್ತಿದ್ದ ಗುಡುಗಣ್ಣ ಎತ್ತಿದ ಕಾಲನ್ನು ಮೆಲ್ಲಗೆ ಇಳಿಸಿದ.

"ಯಾಕೆ?" ಅಂತ ಪಿಸುಗುಟ್ಟಿದಳು ಯಾಕಮ್ಮ.

"ಅಂಕಲ್ ತುಂಬ ಸುಸ್ತಾಗಿದಾರೆ."

ರಸ್ತೆಯ ಹಾರ್ನ್ ಕೇಳಿಸಬಾರದು ಅಂತ ಅಕ್ಕ ಕಿಟಕಿಯನ್ನು ಸದ್ದಾಗದಂತೆ ಮುಚ್ಚಿದಳು. ಇದು ತಮ್ಮ ಮನೆಯ ಕಿಟಕಿ, ಕೆಳಗಿನ ಮನೆಗೆ ಬೇರೆಯೇ ಇದೆ ಅಂತ ಆಮೇಲೆ ನೆನಪಾಯಿತು. ಆದರೂ ಅವಳು ಅದನ್ನು ತೆರೆಯಲಿಲ್ಲ.