ಹನ್ನೊಂದು ಬಣ್ಣಗಳ ಕೆಳಗಿನ ನಂಬರು

ಬಣ್ಣ ಮಾತ್ರ ಕೆರೀಬೇಡ ಎಂದು ಮಾವ ಹೇಳಿದ್ದು ಒಂದು ಸಲವಲ್ಲ. ಕಣ್ಣಿನ ಆಪರೇಷನ್ನಿಗೆ ಪಟ್ಟಣದ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಷೂ ಹಾಕಿಕೊಳ್ಳುತ್ತ ಒಮ್ಮೆ, ಗೇಟಿನ ಹತ್ತಿರ ಒಮ್ಮೆ, ಬಸ್ಸಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಮತ್ತೊಮ್ಮೆ ಹೇಳಿದರು. ಷೆಡ್ಡಿನ ಮೂಲೆಯಲ್ಲಿ ಎರಡು ಡಬ್ಬಿ ಕಿತ್ತಳೆ ಬಣ್ಣವಿದೆ, ಹಳೆಯದರ ಮೇಲೇ ಬಳಿದುಬಿಡು, ದಿಮ್ಮಿ ಎತ್ತುವ ಕ್ರೇನಿನ ತೋಳನ್ನು ಹಿಂದುಗಡೆ ಬೆಸುಗೆ ಹಾಕು, ಲಾರಿಗೆ ಈ ವರ್ಷದ ಕೆಲಸ ಇಷ್ಟೇ ಎಂದರು. ತೇಗ್ಯು ಎಲ್ಲದಕ್ಕೂ ಹೂಂಗುಟ್ಟಿದ. ಬಸ್ಸು ತಿರುವು ದಾಟಿದ್ದೇ ತಡ, ಬಣ್ಣ ಕೆರೆಯುವ ಪಟ್ಟಿ ಹುಡುಕಿಕೊಂಡು ಷೆಡ್ಡಿಗೆ ಹೋದ.

ನಮ್ಮ ಗಾಂಗ್ವನ್ ಗುಡ್ಡಗಳಲ್ಲಿ ಯುದ್ಧಕಾಲದ ಆ ಹತ್ತು ಗಾಲಿಯ ಮಿಲಿಟರಿ ಲಾರಿಗಳಿಗೆ ಜೆಮುಸಿ ಅಂತಲೇ ಹೆಸರು. ಬೇರೆ ಗಾಡಿಗಳು ಏದುಸಿರು ಬಿಟ್ಟು ನಿಲ್ಲುವ ಕಡೆ ಅವು ಹತ್ತಿ ಪೈನ್ ದಿಮ್ಮಿ ಇಳಿಸುತ್ತವೆ. ಅದರಲ್ಲೂ ತೇಗ್ಯುವಿನ ಮಾವ ಛುನ್‌ಶಿಕ್ ಅಜ್ಜನ ಜೆಮುಸಿ ಇಡೀ ಕಣಿವೆಗೆ ನಗೆಪಾಟಲು. ಅದಕ್ಕೆ ಬಸ್ಸಿನ ದೀಪ, ಮೀನುದೋಣಿಯ ಹಾರನ್, ಕಸದ ಲಾರಿಯ ಬಾಗಿಲು, ಯಾವುದೋ ಟ್ರ್ಯಾಕ್ಟರಿನ ಸೀಟು. ಪ್ರತಿ ವರ್ಷ ಬಾರ್ಲಿ ಕುಯ್ಲು ಮುಗಿಯುವಷ್ಟರಲ್ಲಿ ಅಜ್ಜ ಅದಕ್ಕೆ ಏನಾದರೊಂದು ಸೇರಿಸಬೇಕು, ಏನಾದರೊಂದು ಕಿತ್ತುಹಾಕಬೇಕು. ಅಷ್ಟು ಸಾಲದು ಅನ್ನಿಸಿದ ವರ್ಷ ಬಣ್ಣವನ್ನೂ ಬದಲಿಸಬೇಕು. ಹೆಂಡತಿ ಹೋದ ಮೇಲೆ ಮುದುಕ ಲಾರಿಗೇ ಹೊಸಬಟ್ಟೆ ತೊಡಿಸ್ತಾನೆ ಎಂದು ನಾವು ನಗುತ್ತಿದ್ದೆವು. ನಗಬಾರದಿತ್ತು.

ತೇಗ್ಯು ಹೊರಗಿನವನು. ಇಂಚನ್ ಬಂದರಿನಲ್ಲಿ ಹಡಗಿನ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಹೆಂಡತಿ ಯೊನ್‌ಹಿಯ ತವರಿಗೆ ಬಂದು ಉಳಿದ. ಹಳೇ ಮಿಲಿಟರಿ ಗಾಡಿ ಎಂದರೆ ಅವನಿಗೆ ಪ್ರಾಣ. ಗಾಡಿ ಹುಟ್ಟಿದ ದಿನ ಹೇಗಿತ್ತೋ ಹಾಗೇ ಇರಬೇಕು, ಒಂದು ಬೋಲ್ಟೂ ಪರಕೀಯವಾಗಬಾರದು ಎಂಬ ಹಟ. ಮಾವನ ಜೆಮುಸಿಯನ್ನು ಕಂಡಾಗಲೆಲ್ಲ ಒಳ್ಳೆಯ ಮನೆತನದವನೊಬ್ಬ ಕೋಡಂಗಿ ವೇಷದಲ್ಲಿ ನಿಂತ ಹಾಗೆ ಅನ್ನಿಸಿ ಅವನ ಹೊಟ್ಟೆ ಉರಿಯುತ್ತಿತ್ತು. ಇದಕ್ಕೆ ಕ್ರೇನು ಬೆಸೆಯುವುದು ಕಟುಕತನ. ಹಿಂದಿನ ರೂಪಕ್ಕೆ ತಂದು ಶರತ್ಕಾಲದ ಹಳೇ ಗಾಡಿಗಳ ಮೆರವಣಿಗೆಯಲ್ಲಿ ತಾನೇ ಓಡಿಸಿದರೆ, ಕೆಲಸ ಕಳೆದುಕೊಂಡ ಮನೆ ಅಳಿಯ ಎಂದು ನೋಡುವವರು ಕೆಲಸಗಾರ ಎಂದು ನೋಡುತ್ತಾರೆ. ಪಾಪ, ಆಸೆ ಇಷ್ಟೇ ಇತ್ತು.

ಮಧ್ಯಾಹ್ನ ಯೊನ್‌ಹಿ ಸೇವಿಗೆಯ ಬಟ್ಟಲು ಹಿಡಿದು ಬಂದವಳು ಕೆರೆದ ಜಾಗ ನೋಡಿ ಹೊಸ್ತಿಲಲ್ಲೇ ನಿಂತಳು. ಬಾನೆಟ್ಟಿನ ಮೇಲೆ ಅಂಗೈಯಗಲ ನೀಲಿ ಹೋಗಿ ಹಳದಿ, ಹಳದಿ ಹೋಗಿ ಕೆಂಪು ಕಾಣುತ್ತಿತ್ತು.

"ರೀ, ಅಪ್ಪ ಏನು ಹೇಳಿ ಹೋದ್ರು?"

"ಬಣ್ಣ ಬಳಿ ಅಂದ್ರು. ಬಳೀತೀನಿ. ಅದರದ್ದೇ ಬಣ್ಣ ಬಳೀತೀನಿ."

ಆಗ ಅವಳು ಬಟ್ಟಲು ಕೆಳಗಿಟ್ಟು, ಈ ಮನೆಯಲ್ಲಿ ಹೊರಗಿನವರಿಗೆ ಎಂದೂ ಹೇಳದ್ದನ್ನು ಹೇಳಿದಳು. ಯುದ್ಧದ ಮೊದಲ ಬೇಸಿಗೆಯಲ್ಲಿ ಬಂದೂಕಿನವರು ಕಣಿವೆಯ ಹತ್ತೊಂಬತ್ತು ಜನರನ್ನು ಶಾಲೆಯ ಅಂಗಳಕ್ಕೆ ಕರೆಸಿದರು. ಸಂಜೆಗೆ ವಾಪಸು ಬಿಡ್ತೀವಿ ಎಂದು ಲಾರಿ ಹತ್ತಿಸಿದರು. ಲಾರಿ ಕಣಿವೆಯ ಮೇಲಕ್ಕೆ ಹೋಗಿ ಖಾಲಿ ಬಂತು. ಅವರು ಯಾವ ಕಡೆಯವರು ಎಂಬುದನ್ನು ನಮ್ಮಲ್ಲಿ ಇವತ್ತಿಗೂ ಯಾರೂ ಬಾಯಿಬಿಡುವುದಿಲ್ಲ. ಹಣೆಗೆ ಬಂದೂಕು ಇಟ್ಟಾಗ ಲಾರಿ ಓಡಿಸಿದವನು ಯೊನ್‌ಹಿಯ ತಾತ, ಛುನ್‌ಶಿಕ್ ಅಜ್ಜನ ಅಪ್ಪ. ಹತ್ತೊಂಬತ್ತರಲ್ಲಿ ಒಬ್ಬ ಮಾಟಗಾತಿಯ ಮಗ, ಹದಿನೇಳರ ಹುಡುಗ. ಅವಳು ಕರಿ ಹುಂಜದ ಕತ್ತು ಕೊಯ್ದು, ಹುಲ್ಲಿನ ಬೊಂಬೆ ಕಟ್ಟಿ, ಗುಡ್ಡದ ಕಣಿವೆದಾರಿಯ ಕಲ್ಲುಗುಪ್ಪೆಯಡಿ ಹೂತಳು. ಆ ಲಾರಿ ಓಡಿಸಿದವನು ನನ್ನ ಮಗ ಇರುವಲ್ಲೇ ಇರಲಿ ಎಂದಳು. ಮಾಟಕ್ಕೆ ಹೆಸರು ಬೇಕು. ಟೋಪಿ ಕೆಳಗಿನ ಮುಖ ಯಾರದೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬಾನೆಟ್ಟಿನ ನಕ್ಷತ್ರ ಮತ್ತು ನಂಬರು. ಬೊಂಬೆಯ ಎದೆಗೆ ಆ ನಂಬರನ್ನೇ ರಕ್ತದಲ್ಲಿ ಬರೆದು ಅಂಟಿಸಿದಳು.

ಯುದ್ಧ ಮುಗಿದು ಸೈನ್ಯದವರು ಬಿಟ್ಟುಹೋದ ಅದೇ ಲಾರಿಯನ್ನು ತಾತ ದಿಮ್ಮಿ ಸಾಗಿಸಲು ಕೊಂಡುಕೊಂಡ. ನಾಲ್ಕನೇ ವರ್ಷ ಹಾಡಹಗಲಲ್ಲಿ ಲಾರಿ ಗುಡ್ಡದ ಮೇಲೆ ಎಂಜಿನ್ ಓಡುತ್ತಲೇ ನಿಂತಿತ್ತು, ಸೀಟು ಬೆಚ್ಚಗಿತ್ತು, ತಾತ ಇರಲಿಲ್ಲ. ಅಂದು ಸಂಜೆಯೇ ಅಜ್ಜಿ ನಕ್ಷತ್ರಕ್ಕೂ ನಂಬರಿಗೂ ಪೈನ್ ಮರದ ಟಾರು ಬಳಿಸಿದಳು. ಅಲ್ಲಿಂದೀಚೆಗೆ ಈ ಮನೆಯವರು ಆ ಲಾರಿಯನ್ನು ಬೇರೆ ಲಾರಿ ಮಾಡುತ್ತಲೇ ಬಂದಿದ್ದಾರೆ. ಗುರುತು ಸಿಗಬಾರದು, ಅಷ್ಟೇ.

ತೇಗ್ಯು ಸೇವಿಗೆ ಸುರುಕ್ಕನೆ ಎಳೆದುಕೊಂಡು ನಕ್ಕ. "ನಂಬರ್ ಪ್ಲೇಟ್ ನೋಡ್ಕೊಂಡು ಹಿಡಿಯೋಕೆ ದೆವ್ವ ಏನು ಟ್ರಾಫಿಕ್ ಪೊಲೀಸಾ?"

ಅವಳು ನಗಲಿಲ್ಲ. "ಅಪ್ಪ ಹೇಳಿದ ಹಾಗೆ ಕ್ರೇನ್ ಹಾಕಿ, ಬಣ್ಣ ಬಳೀರಿ. ನಿಮ್ಮನ್ನ ಕಳ್ಕೊಳ್ಳೋಕೆ ನನ್ನಿಂದ ಆಗಲ್ಲ," ಎಂದಳು. ಅವನು ಆಗಲಿ ಎಂದ. ಅವಳ ಎದುರಿಗೆ ಆಗಲಿ ಎಂದು, ಅವಳು ತರಕಾರಿ ವ್ಯಾನು ತೆಗೆದುಕೊಂಡು ಸಂತೆಗೆ ಹೋದ ಮೇಲೆ ಷೆಡ್ಡಿನ ಬಾಗಿಲು ಎಳೆದುಕೊಂಡು ಮತ್ತೆ ಪಟ್ಟಿ ಹಿಡಿದ.

ಹನ್ನೊಂದು ಪದರ ಬಣ್ಣ. ಒಂದೊಂದು ಪದರಕ್ಕೂ ಷೆಡ್ಡಿನ ಗಾಳಿ ದಪ್ಪವಾಗುತ್ತ ಹೋಯಿತು. ಬಣ್ಣ ತೆಗೆಯುವ ಎಣ್ಣೆಯ ಘಾಟು ಮೊದಮೊದಲು ಕಣ್ಣು ಉರಿಸಿತು. ಏಳನೆಯ ಪದರದ ಹೊತ್ತಿಗೆ ಆ ಘಾಟಿನಡಿಯಿಂದ ಬೇರೊಂದು ವಾಸನೆ ಎದ್ದಿತು. ಒದ್ದೆ ಗೋಣಿ, ಬಾರ್ಲಿಯ ದೂಳು, ತುಂಬ ಹೊತ್ತು ಬಿಸಿಲಲ್ಲಿ ನಿಂತವರ ಬೆವರು. ನೊಣಗಳು ಎಲ್ಲಿಂದಲೋ ಬಂದು ಬಾನೆಟ್ಟಿನ ಒಂದೇ ಜಾಗದಲ್ಲಿ ಕೂತವು. ಓಡಿಸಿದರೂ ಅಲ್ಲೇ ಬಂದು ಕೂತವು. ಕೊನೆಗೆ ಟಾರು ಕಿತ್ತು ಬಂದಾಗ ಬಿಳಿ ನಕ್ಷತ್ರ, ಅದರ ಪಕ್ಕ ನಂಬರು. ಎಪ್ಪತ್ತು ವರ್ಷದ ಬಣ್ಣ ಮಾಸಿರಬೇಕಿತ್ತು. ಮುಟ್ಟಿದರೆ ಬೆರಳಿಗೆ ಅಂಟಿತು. ಟಾರಿನ ಕೆಳಗೆ ಹಾಗೇ ಉಳಿಯುತ್ತದೆ ಎಂದು ಅವನು ತನಗೆ ತಾನೇ ಹೇಳಿಕೊಂಡ.

ಯೊನ್‌ಹಿಗೆ ಗೊತ್ತಾದ ದಿನ ಅವಳು ಅತ್ತಳು, ಬೈದಳು, ಆಮೇಲೆ ಮಾತು ಬಿಟ್ಟಳು. ಅವನು ಕೆಲಸ ಬಿಡಲಿಲ್ಲ. ಬಸ್ಸಿನ ದೀಪ ಹೋಯಿತು, ಹಾರನ್ ಹೋಯಿತು, ಟ್ರ್ಯಾಕ್ಟರಿನ ಸೀಟು ಹೋಯಿತು. ಹಸಿರು ಬಂತು, ಕ್ಯಾನ್ವಾಸಿನ ಮುಚ್ಚಳ ಬಂತು. ಹಳೆಯ ಫೋಟೋಗಳಲ್ಲಿ ಮುಂಗಾಜಿನ ಕೆಳಗೆ ಡ್ರೈವರನ ಹೆಸರು ಬರೆದಿರುವುದನ್ನು ಅವನು ನೋಡಿದ್ದ. ತೆಳು ಕುಂಚ ತೆಗೆದುಕೊಂಡು, ಉಸಿರು ಬಿಗಿಹಿಡಿದು, ಬಿಳಿ ಅಕ್ಷರದಲ್ಲಿ ತನ್ನ ಹೆಸರನ್ನು ಅಲ್ಲಿ ಬರೆದ. ಬಹಳ ಚೆನ್ನಾಗಿ ಬಂದಿತ್ತು.

ಹನ್ನೆರಡನೆಯ ದಿನ ಬೆಳಿಗ್ಗೆ ಮಾವನನ್ನು ಕರೆತರಲು ಯೊನ್‌ಹಿ ವ್ಯಾನಿನಲ್ಲಿ ಪಟ್ಟಣಕ್ಕೆ ಹೋದಳು. ಮುದುಕ ಬಂದರೆ ಮತ್ತೆ ಟಾರು ಬಳಿಸುತ್ತಾನೆ, ಅದಕ್ಕೆ ಮುಂಚೆ ಒಂದೇ ಒಂದು ಸಲ ಗುಡ್ಡ ಹತ್ತಿಸಿ ಇಳಿಸಬೇಕು ಎಂದು ತೇಗ್ಯುಗೆ ಅನ್ನಿಸಿತು. ಹೊಳೆಯಿಂದ ಎದ್ದ ಮಂಜು ಕಣಿವೆಯನ್ನು ತುಂಬಿತ್ತು. ದೀಪ ಹಾಕಿದರೂ ಬಾನೆಟ್ಟಿನ ತುದಿಯಾಚೆ ಏನೂ ಕಾಣುತ್ತಿರಲಿಲ್ಲ. ಎಂಜಿನ್ ಮಾತ್ರ ಒಂದೇ ಸಮ ಗುನುಗಿತು. ಅವನ ಎದೆ ತುಂಬಿ ಬಂತು.

ಮುಚ್ಚಿಹೋದ ಶಾಲೆಯ ಮುಂದೆ ಬರುವಷ್ಟರಲ್ಲಿ ಲಾರಿ ತಾನಾಗಿಯೇ ನಿಂತಿತು.

ಎಂಜಿನ್ ಓಡುತ್ತಿತ್ತು. ಗೇರು ಹಾಕಿಯೇ ಇತ್ತು. ಗಾಲಿ ಮಾತ್ರ ನೆಲ ಕಚ್ಚಿದಂತೆ ನಿಂತಿತ್ತು. ಹಿಂದಿನ ಹಲಗೆಯ ಸರಪಳಿ ಕಿರುಗುಟ್ಟಿತು. ಹಲಗೆ ದಢಾರನೆ ಬಿತ್ತು. ಲಾರಿ ಹಿಂದಕ್ಕೆ ಸ್ವಲ್ಪ ಕುಗ್ಗಿತು, ಯಾರೋ ಹತ್ತಿದಂತೆ. ಮತ್ತೆ ಕುಗ್ಗಿತು. ಮತ್ತೆ. ಸ್ಪ್ರಿಂಗು ಸಡಿಲವಾಗಿದೆ ಎಂದುಕೊಂಡ. ಎಣಿಸಬಾರದು ಎಂದುಕೊಂಡೂ ಎಣಿಸಿದ. ಹತ್ತೊಂಬತ್ತಕ್ಕೆ ನಿಂತಿತು. ಕ್ಯಾನ್ವಾಸಿನ ಹಿಂದಿನಿಂದ ಬೆವರಿನ ವಾಸನೆ, ಹೆದರಿ ಒದ್ದೆಯಾದ ಬಟ್ಟೆಯ ವಾಸನೆ ಕುತ್ತಿಗೆಗೆ ಬಡಿಯಿತು.

ಲಾರಿ ಹೊರಟಿತು. ಅವನು ಹೊರಡಿಸಿರಲಿಲ್ಲ.

ಬ್ರೇಕು ತುಳಿದ. ಕಾಲಡಿಯಲ್ಲಿ ಏನೂ ಇಲ್ಲದಂತೆ ಅದು ಒಳಗೆ ಹೋಯಿತು. ಬಾಗಿಲು ತೆರೆಯಲಿಲ್ಲ. ಸ್ಟಿಯರಿಂಗ್ ಅವನ ಕೈಗಳನ್ನು ತಿರುಗಿಸಿತು. ದಾರಿ ಮೇಲಕ್ಕೆ, ಮೇಲಕ್ಕೆ. ಹಿಂದೆ ಯಾರೂ ಮಾತಾಡುತ್ತಿಲ್ಲ. ಹತ್ತೊಂಬತ್ತು ಜನರ ಉಸಿರು ಮಾತ್ರ. ಮಂಜಿನಿಂದ ಒಂದು ಕೈ ಹೊರಬಂತು. ಮುದಿ ಹೆಂಗಸಿನ ಕೈ. ಉಗುರಲ್ಲಿ ಒಣಗಿದ ಕಪ್ಪು. ಓಡುವ ಲಾರಿಯ ಪಕ್ಕದಲ್ಲೇ ಅವಸರವಿಲ್ಲದೆ ಬರುತ್ತಿದ್ದ ಆ ಕೈ ಮುಂಗಾಜಿನ ಕೆಳಗಿನ ಅಕ್ಷರ ತಡವಿತು. ಮೊದಲ ಅಕ್ಷರ. ಎರಡನೆಯ ಅಕ್ಷರ. ಓದು ಕಲಿಯುವವಳ ಹಾಗೆ.

"ತೇ... ಗ್ಯು..."

ಹಿಂದಿನಿಂದ ಹತ್ತೊಂಬತ್ತು ದನಿಗಳು ಅದನ್ನೇ ಒಟ್ಟಿಗೆ ಹೇಳಿದವು. ತೇಗ್ಯು. ಅವನ ನಾಲಿಗೆ ತಾನಾಗಿ ಓ ಎನ್ನಲು ಮೇಲೆದ್ದಿತು. ಹಲ್ಲು ಕಚ್ಚಿದ. ಬಾಯಲ್ಲಿ ರಕ್ತ ಬಂತು. ಮುಂದೆ ಕಲ್ಲುಗುಪ್ಪೆ ಕಂಡಿತು. ದಾರಿ ಅಲ್ಲಿಗೆ ಮುಗಿಯುತ್ತಿತ್ತು.

ಆಗ ಮಂಜೊಳಗಿಂದ ಕೂಗು ಕೇಳಿತು, ಬಾನೆಟ್ಟಿನ ಮೇಲೆ ಕಿತ್ತಳೆ ಬಣ್ಣ ಸುರಿಯಿತು. ಮನೆಯಲ್ಲಿ ಷೆಡ್ಡು ಖಾಲಿ ಇದ್ದದ್ದು ನೋಡಿ ಅಪ್ಪ ಮಗಳು ಬಣ್ಣದ ಡಬ್ಬಿಗಳನ್ನು ವ್ಯಾನಿಗೆ ಎಸೆದುಕೊಂಡು, ದಿಮ್ಮಿ ಇಳಿಸುವ ಅಡ್ಡದಾರಿಯಿಂದ ಹತ್ತಿ ಬಂದಿದ್ದರು. ಒಂದು ಕಣ್ಣಿಗೆ ಬಟ್ಟೆ ಕಟ್ಟಿದ್ದ ಅಜ್ಜ ಬಂಪರಿನ ಮೇಲೆ ಕಾಲಿಟ್ಟು ನಿಂತು ಎರಡನೆಯ ಡಬ್ಬಿಯನ್ನೂ ನಕ್ಷತ್ರದ ಮೇಲೆ ಬೋರಲು ಹಾಕಿದರು. ನಂಬರು ಮುಚ್ಚಿತು. ಎಂಜಿನ್ ಕೆಮ್ಮಿ ಆರಿತು. ಹಿಂದಿನ ಭಾರ ಒಮ್ಮೆಗೇ ಇಳಿದು ಲಾರಿ ಮೇಲಕ್ಕೆ ಚಿಮ್ಮಿತು. ಯೊನ್‌ಹಿ ಬಾಗಿಲು ಕಿತ್ತು ಗಂಡನನ್ನು ಹೊರಗೆಳೆದಳು.

ಅಜ್ಜನ ಒಂಟಿಕಣ್ಣು ಮುಂಗಾಜಿನ ಕೆಳಗೆ ಹೋಯಿತು. ಅಲ್ಲಿ ಸಿಡಿದ ಬಣ್ಣ ನಿಲ್ಲದೆ ಜಾರಿ ಹೋಗುತ್ತಿತ್ತು. ಬಿಳಿ ಅಕ್ಷರಗಳ ಮೇಲೆ ಐದು ಬೆರಳಿನ ಗುರುತು.

"ನಂಬರ್ ಆದ್ರೆ ಅಳಿಸಬಹುದು ಕಣಪ್ಪಾ. ಹೆಸರು ಯಾಕೆ ಬರ್ದೆ?" ಎಂದು ಕೇಳಿದರು. "ಅವಳಿಗೆ ಗೊತ್ತಿಲ್ಲದೇ ಇದ್ದಿದ್ದು ಅದೊಂದೇ." ಲಾರಿಗೆ ಇಷ್ಟು ವರ್ಷ ಮಾಡಿದ್ದನ್ನು ಇನ್ನು ನಿನಗೆ ಮಾಡಬೇಕು ಎಂದರು.

ಹಾಗೇ ಆಯಿತು. ಅಲ್ಲೇ ಗುಡ್ಡದ ಮೇಲೆ ಅಜ್ಜ ಅವನಿಗೆ ಬೇರೆ ಹೆಸರಿಟ್ಟರು. ಹಿಂದಿನ ಕಾಲದಲ್ಲಿ ಮಕ್ಕಳು ಬದುಕಲಿ ಎಂದು ಇಡುತ್ತಿದ್ದಂಥ, ನಾಯಿಹೇಲು ಎಂಬ ಅರ್ಥದ ಹೆಸರು. ತಲೆ ಬೋಳಿಸಿದರು. ನಡಿಗೆಯ ಗುರುತು ಸಿಗದಂತೆ ಬಲಗಾಲ ಷೂವಿನಲ್ಲಿ ಸದಾ ಒಂದು ಬೆಣಚುಕಲ್ಲು. ಎಡಗೈಯಲ್ಲಿ ಊಟ. ಮರುವರ್ಷ ಬಾರ್ಲಿ ಕುಯ್ಲಿನ ಹೊತ್ತಿಗೆ ಮುಂದಿನ ಎರಡು ಗಟ್ಟಿ ಹಲ್ಲು ಕೀಳಿಸಿದರು, ಅದರ ಮರುವರ್ಷ ಒಂದು ಹುಬ್ಬಿಗೆ ಸುಟ್ಟ ಗಾಯ ಮಾಡಿದರು. ಯೊನ್‌ಹಿ ಗಂಡನನ್ನು ಹೊಸ ಹೆಸರಿನಿಂದಲೇ ಗದರಿಸುತ್ತಾಳೆ, ಆಮೇಲೆ ಅಡುಗೆಮನೆಗೆ ಹೋಗಿ ಅಳುತ್ತಾಳೆ. ಮಂಜು ಇಳಿದ ದಿನ ಗೇಟಿನ ಹತ್ತಿರ ಅವನ ಹಳೇ ಹೆಸರನ್ನು ಯಾರೋ ಕರೆಯುತ್ತಾರೆ. ಒಮ್ಮೆ ಹೆಂಡತಿಯ ದನಿ, ಒಮ್ಮೆ ಹಳೇ ಗೆಳೆಯನ ದನಿ. ಯೊನ್‌ಹಿ ಪಕ್ಕದಲ್ಲೇ ಕೂತಿರುವಾಗಲೂ ಅವಳ ದನಿ. ಓಗೊಟ್ಟರೆ ಮುಗಿಯಿತು.

ಇಂಚನ್‌ನಲ್ಲಿ ಅವನ ತಾಯಿ ಇದ್ದಳು. ಒಬ್ಬನೇ ಮಗ. ಯೊನ್‌ಹಿ ಕಾಗದ ಬರೆದು ಎಲ್ಲ ತಿಳಿಸಿದಳು, ಹಳೇ ಹೆಸರು ಎತ್ತಬೇಡಿ ಎಂದು ಬೇಡಿಕೊಂಡಳು. ಆ ಹೆಸರು ಇಟ್ಟವಳು ನಾನು, ನನ್ನ ಮಗನನ್ನು ನಾಯಿಹೇಲು ಅಂತ ಕರೀಬೇಕಾ, ಸೊಸೆಯೇ ಮಾಟ ಮಾಡಿ ಕಟ್ಟಿಹಾಕಿದ್ದಾಳೆ ಎಂದು ಮುದುಕಿ ತಿಳಿದಳು. ಫೋನಿನಲ್ಲಿ ಅವಳು ಹೆಸರು ಹಿಡಿದು ಕರೆದ ಕೂಡಲೇ ಇವರು ಇಟ್ಟುಬಿಡುತ್ತಿದ್ದರು. ಆಮೇಲೆ ಫೋನೂ ನಿಂತಿತು.

ಮೂರನೆಯ ವರ್ಷ ಶರತ್ಕಾಲದಲ್ಲಿ, ಮಂಜಿನ ಒಂದು ಬೆಳಿಗ್ಗೆ ಗೇಟಿನ ಹತ್ತಿರ ತಾಯಿಯ ದನಿ ಬಂತು. ಮನೆಯಲ್ಲಿ ಅವನೊಬ್ಬನೇ ಇದ್ದ. ಚಮಚ ಕೆಳಗಿಟ್ಟು, ಕಿವಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿ ಕೂತ. ತೇಗ್ಯು, ನಾನು ಕಣೋ, ಎಂದಿತು ದನಿ. ಮೂರು ಸಲ ಕರೆಯಿತು, ನಾಲ್ಕು ಸಲ ಕರೆಯಿತು, ಗೇಟು ಅಲ್ಲಾಡಿಸಿತು. ನಿಂತಿತು. ಬಹಳ ಹೊತ್ತಾದ ಮೇಲೆ ಅವನು ಬಾಗಿಲು ಸರಿಸಿ ನೋಡಿದರೆ ಗೇಟಿನ ಕೆಳಗೆ ಬಟ್ಟೆಯ ಗಂಟೊಂದಿತ್ತು. ಬಿಚ್ಚಿದ. ಡಬ್ಬಿಯಲ್ಲಿ ಖಾರ ಬೆರೆಸಿ ಹುಳಿ ಬರಿಸಿದ ಮೂಲಂಗಿ ಕಿಮ್ಚಿ, ಉಣ್ಣೆಯ ಎರಡು ಬನಿಯನ್‌ಗಳು. ದೆವ್ವ ಕಿಮ್ಚಿ ಹಾಕುವುದಿಲ್ಲ.

ಕಲ್ಲು ಚುಚ್ಚುವ ಕಾಲಲ್ಲೇ ಓಡಿದ. ಬಸ್ಸು ಬಂದಿರಲಿಲ್ಲ. ನಿಲ್ದಾಣದ ಬೆಂಚಿನಲ್ಲಿ ತಾಯಿ ಕೂತಿದ್ದಳು, ತುಂಬ ಸಣ್ಣಗಾಗಿದ್ದಳು. ಅಮ್ಮಾ ಎಂದು ಒಂದು ಸಲ ಅಂದರೆ ಸಾಕು, ತಿರುಗುತ್ತಾಳೆ. ತಿರುಗಿದವಳು ಹೆಸರು ಹಿಡಿದು ಕೂಗುತ್ತಾಳೆ, ಅವನು ಓ ಅನ್ನುತ್ತಾನೆ. ತಾಯಿ ಕೂಗಿದರೆ ಓ ಅನ್ನದೆ ಇರಲು ಅವನಿಂದ ಆಗುತ್ತಿರಲಿಲ್ಲ. ನಿಲ್ದಾಣದ ಹಿಂದೆ, ಮಂಜು ಹರಡಿದ ಶಾಲೆಯ ಅಂಗಳದಲ್ಲಿ, ಸಾಲಾಗಿ ನಿಂತವರು ಒಟ್ಟಿಗೆ ಉಸಿರೆಳೆದುಕೊಂಡ ಸದ್ದು ಕೇಳಿಸಿತು.

ಅವನು ಜೋಳದ ಕಂತೆಗಳ ಹಿಂದೆ ಕುಳಿತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಬಸ್ಸು ಬಂತು. ಹತ್ತುವ ಮುನ್ನ ತಾಯಿ ಡ್ರೈವರನನ್ನು, ಈ ಊರಲ್ಲಿ ತೇಗ್ಯು ಅನ್ನೋರು ಯಾರಾದ್ರೂ ಇದ್ದಾರೇನಪ್ಪಾ ಎಂದು ಕೇಳಿದಳು. ಅಂಥವರು ಯಾರೂ ಇಲ್ಲ ಎಂದು ಡ್ರೈವರ್ ಹೇಳಿದ.