ಅಳತೆಯ ಹಗ್ಗ

"ಇನ್ನೊಂದ್ಸಲ ಅಳೀತೀಯೇನೇ? ಅಳೀತೀಯಾ?"

ಒಂದೊಂದು ಪ್ರಶ್ನೆಗೂ ಒಂದೊಂದು ಏಟು! ನಡುಮನೆಯ ಕಂಬಕ್ಕೆ ಒರಗಿ ಕುಸಿದಿದ್ದ ಪ್ರಮೀಳಾಳ ಹೆಗಲ ಮೇಲೆ, ತೋಳಿನ ಮೇಲೆ, ಮುಖ ಮುಚ್ಚಿಕೊಂಡ ಅಂಗೈಗಳ ಮೇಲೆ ತೆಂಗಿನ ನಾರಿನ ಹಗ್ಗ ಬೀಳುತ್ತಿತ್ತು. ಹಗ್ಗದಲ್ಲಿ ಎರಡು ಗಂಟುಗಳಿದ್ದವು. ಎರಡನ್ನೂ ಅವಳೇ ಕೈಯಾರೆ ಬಿಗಿದಿದ್ದಳು. ಗಂಟು ತಾಗಿದ ಕಡೆಯಲ್ಲೆಲ್ಲ ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು. ಹೊಡೆಯುತ್ತಿದ್ದವನು ಅವಳ ಗಂಡ ಅಂಜನ್‌ಕುಮಾರ್. ಬಾಗಿಲಿಗೆ ಆತು ನಿಂತು ನೋಡುತ್ತಿದ್ದವಳು ಅತ್ತೆ ರಂಗಲಕ್ಷ್ಮಮ್ಮ. ಆ ಹೆಂಗಸಿನ ಬಾಯಿಂದ "ಸಾಕು ಬುಡ್ಲಾ" ಎಂಬ ಒಂದು ಮಾತೂ ಬರಲಿಲ್ಲ. ಮೂಲೆಯ ಮಂಚದಲ್ಲಿ ಕೂತಿದ್ದ ಮಾವ ಲಕ್ಷ್ಮೀನರಸಿಂಹಯ್ಯನವರು ಮಾತ್ರ "ಬ್ಯಾ... ಬ್ಯಾಡ..." ಎಂದು ತೊದಲುತ್ತ ಎಡಗೈಯನ್ನು ಗಾಳಿಯಲ್ಲಿ ಬೀಸುತ್ತಿದ್ದರು. ಮೂರು ವರ್ಷದ ಹಿಂದೆ ಲಕ್ವ ಹೊಡೆದಾಗ ಬಲಗೈ ಬಲಗಾಲಿನ ಜೊತೆಗೆ ಅವರ ಮಾತೂ ಹೋಗಿತ್ತು. ಅವರ ತೊದಲಿಗೆ ಆ ಮನೆಯಲ್ಲಿ ಯಾರೂ ಕಿವಿ ಕೊಡುತ್ತಿರಲಿಲ್ಲ.

ಹೀಗೆ ಹೊಡೆಸಿಕೊಳ್ಳುವಂಥ ಯಾವ ಮಹಾಪರಾಧ ಮಾಡಿದ್ದಳು ಪ್ರಮೀಳಾ? ಸಣ್ಣ ಟ್ರ್ಯಾಕ್ಟರ್ ಸಾಕು ಎಂದಿದ್ದಳು. ಅಷ್ಟೇ!

ಸಿ.ಎಸ್. ಪುರದ ಆಚೆ ಅವರಿಗೆ ನಾಲ್ಕು ಎಕರೆ ತೋಟ, ತೋಟದೊಳಗೇ ಮನೆ. ಅಂಜನ್‌ಕುಮಾರ್ ತುಮಕೂರಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಬೈಕು ಹತ್ತಿದರೆ ಬರುವುದು ಕತ್ತಲಾದ ಮೇಲೆ. ತೋಟದ ಕೆಲಸವೆಲ್ಲ ಪ್ರಮೀಳಾಳದು. ತೆಂಗಿನ ಸಾಲುಗಳ ನಡುವೆ ಅಡಿಕೆ ಇಟ್ಟವಳು ಅವಳೇ, ನೀರು ಹಾಯಿಸುವವಳು ಅವಳೇ, ಉಳುವವರ ಮನೆಬಾಗಿಲಿಗೆ ಹತ್ತು ಸಲ ಅಲೆದು ಗೋಗರೆಯುವವಳೂ ಅವಳೇ. ಕುಣಿಗಲ್ ಕಡೆಯ ಮಾರ್ಕೋನಹಳ್ಳಿಯ ತವರಿನಲ್ಲಿ ಅಪ್ಪನ ಟಿಲ್ಲರ್ ಹಿಡಿದು ಗದ್ದೆ ಹೊಡೆದ ಕೈ ಅವಳದು. ಸ್ವಂತಕ್ಕೆ ಒಂದು ಟ್ರ್ಯಾಕ್ಟರ್ ಎಂದಾಗ ಅವಳ ಕಣ್ಣು ಹೊಳೆದಿದ್ದು ಸಹಜ. ಆದರೆ ಅಂಜನ್‌ಕುಮಾರನ ಕಣ್ಣಿಗೆ ಬಿದ್ದಿದ್ದು ಬೇರೆ. ಬೆಳ್ಳಾವಿಯ ಅವನ ಭಾವಮೈದುನನೊಬ್ಬ ಐವತ್ತು ಎಚ್‌ಪಿ ಗಾಡಿ ತಂದು ಮನೆಮುಂದೆ ನಿಲ್ಲಿಸಿದ್ದ. ಇವನಿಗೂ ಅಂಥದ್ದೇ ಆಗಬೇಕು!

ಅಂಥ ದೊಡ್ಡ ಗಾಡಿ ತಂದರೆ ಸಾಲಿನೊಳಗೆ ಹೇಗೋ ತೂರೀತು. ತುದಿಯಲ್ಲಿ ಹೊರಳಲು ಜಾಗವಿರಲಿಲ್ಲ. ತೋಟದ ಬಡಗಣ ತುದಿಯಲ್ಲಿ ಬದುವಿಗೆ ಮುಂಚೆ ಎರಡು ತೆಂಗಿನ ಮರಗಳಿದ್ದವು. ಒಂದು ಬಹಳ ಹಳೆಯದು, ಇನ್ನೊಂದು ಹನ್ನೆರಡು ವರ್ಷದ್ದು. ದೊಡ್ಡ ಗಾಡಿ ತಿರುಗಬೇಕಾದರೆ ಎರಡೂ ಹೋಗಬೇಕು. ಸಣ್ಣದಾದರೆ ಸಲೀಸಾಗಿ ತಿರುಗಿ ಬರುತ್ತಿತ್ತು.

ಆ ಎಳೆಯ ಮರದ ಬುಡದಲ್ಲಿ ಪ್ರಮೀಳಾಳ ಮಗುವಿತ್ತು. ಎಂಟು ತಿಂಗಳ ಗಂಡು ಕೂಸು, ಜ್ವರ ಬಂದು ಎರಡೇ ದಿನದಲ್ಲಿ ಕಣ್ಣುಮುಚ್ಚಿತ್ತು. ಹಾಲುಕೂಸು ಹೋದರೆ ಸ್ವಂತ ಜಮೀನಿನಲ್ಲೇ ಮಣ್ಣು ಮಾಡಿ ಮೇಲೊಂದು ತೆಂಗಿನ ಸಸಿ ನೆಡುವುದು ಆ ಮನೆಯ ಪದ್ಧತಿ. ಆ ಮರದ ಕಾಯನ್ನು ಮನೆಯವರು ತಿನ್ನುವುದಿಲ್ಲ. ಹೆತ್ತವಳಿಗೆ ಆ ಜಾಗ ತೋರಿಸುವುದೂ ಇಲ್ಲ. ತೋರಿಸಿದರೆ ಅವಳು ಅಲ್ಲಿಂದ ಏಳುವುದಿಲ್ಲವಂತೆ. ಆದರೆ ಅಂದು ಹೆಂಡತಿ ಅನ್ನನೀರು ಬಿಟ್ಟು ಗೋಡೆಗೆ ತಲೆ ಚಚ್ಚಿಕೊಳ್ಳುವುದನ್ನು ನೋಡಲಾಗದೆ, ಇದೇ ಅಂಜನ್‌ಕುಮಾರ್ ಅವಳ ಕೈಹಿಡಿದು ಕರೆದೊಯ್ದು, "ಇಲ್ಲಿ ಮಲಗವ್ನೆ ಕಣೇ... ಅಳು, ಎಷ್ಟು ಬೇಕೋ ಅಷ್ಟು ಅತ್ತುಬುಡು" ಎಂದಿದ್ದ. ಆ ಅಂಜನ್‌ಕುಮಾರ್ ಎಲ್ಲಿ ಹೋದನೋ!

ಶನಿವಾರ ಮಾವನೊಬ್ಬರನ್ನು ಬಿಟ್ಟು ಎಲ್ಲರೂ ತುಮಕೂರಿನ ಶೋರೂಮಿಗೆ ಹೋದಾಗ ಪ್ರಮೀಳಾ ಚೀಲದಲ್ಲಿ ಹಗ್ಗ ಇಟ್ಟುಕೊಂಡಿದ್ದಳು. ಒಂದು ಗಂಟು ಸಾಲಿನ ಅಗಲಕ್ಕೆ, ಇನ್ನೊಂದು ಹೊರಳುವ ಜಾಗಕ್ಕೆ. ಮಾತಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲವೆಂದು ಆ ಹಗ್ಗವನ್ನು ಹೊಳೆಯುವ ನೆಲದ ಮೇಲೆ, ದೊಡ್ಡ ಗಾಡಿಯ ಮುಂದೆ ಹಾಸಿಬಿಟ್ಟಳು. ಸೇಲ್ಸ್ ಹುಡುಗಿ ನೋಡಿ ನಕ್ಕಳು.

"ಮೇಡಂ ಅಳತೆ ಕರೆಕ್ಟಾಗಿದೆ ಸಾರ್. ನಿಮ್ಮ ತೋಟಕ್ಕೆ ಈ ಸಣ್ಣದೇ ಸರಿ. ಫೋರ್ ವೀಲ್ ಡ್ರೈವ್, ನಾಲ್ಕಡಿ ಅಗಲಾನೂ ಇಲ್ಲ. ಮೇಡಮ್ಮೇ ಆರಾಮಾಗಿ ಓಡಿಸ್ಬೋದು."

ಪಕ್ಕದಲ್ಲಿ ಗಾಡಿ ನೋಡುತ್ತಿದ್ದ ನಾಲ್ಕು ಜನ ಕಿಸಕ್ಕೆಂದರು. ಅಂಜನ್‌ಕುಮಾರನ ಮುಖ ಕೆಂಪಾಯಿತು. ಮನೆಯೊಳಗೆ ಕಾಲಿಟ್ಟವನೇ ಚೀಲದಿಂದ ಹಗ್ಗ ಎಳೆದ.

"ಹನ್ನೆರಡ್ ವರ್ಷದಿಂದ ಆ ಮರಕ್ಕೇ ಹೆಂಡ್ತಿಯಾಗಿದೀಯಲ್ಲೇ! ಮನೇಲಿ ಗಂಡ ಅಂತ ಒಬ್ಬ ಅವ್ನೆ ಅನ್ನೋದಾದ್ರೂ ನೆಪ್ಪೈತಾ ನಿಂಗೆ?"

"ರೀ... ಆ ಜಾಗ ನೀವೇ ಅಲ್ವೇನ್ರೀ ತೋರಿಸಿದ್ದು..."

ಆ ಮಾತಿಗೆ ಅವನ ಕೈ ಒಂದು ಕ್ಷಣ ನಿಂತಿತು. ನಿಲ್ಲಲು ಬಿಡಲಿಲ್ಲ ರಂಗಲಕ್ಷ್ಮಮ್ಮ!

"ತೋರಿಸಿದ್ದೇ ತಪ್ಪು! ಮನೆ ಪದ್ಧತಿ ಮುರಿದಿದ್ದಕ್ಕೇ ಈ ಮನೆ ಹಿಂಗಾಗಿರೋದು. ದಿನಾ ಬೆಳಗಾದ್ರೆ ಹೋಗಿ ಆ ಮರ ತಬ್ಬಿಕೊಂಡು ಗೋಳೋ ಅಂತಾಳೆ. ನಾನೇನು ಮಕ್ಳನ್ನ ಕಳ್ಕೊಂಡಿಲ್ವಾ? ನಂಗ್ಯಾವ ಮರ ತೋರಿಸಿದ್ರು? ನಾಳೆ ಭಾನುವಾರ. ಎರಡೂ ಮರ ಉರುಳಿಸಿಬುಡ್ಲಾ. ಪೀಡೆ ತೊಲಗ್ಲಿ!"

ಮಂಚದ ಮೇಲೆ ಮುದುಕರು "ಬ್ಯಾಡ... ರಂಗೀ... ಬ್ಯಾಡ!" ಎಂದು ಒದ್ದಾಡಿದರು. "ನೀವು ಸುಮ್ಕೆ ಬಿದ್ಕಳಿ. ಸೊಸೆ ವಕಾಲತ್ತು ವಹಿಸ್ಕೊಂಡು ಬಂದ್ರು" ಎಂದು ಅವಳು ಅವರನ್ನೂ ಗದರಿದಳು.

ಭಾನುವಾರ ಬೆಳಿಗ್ಗೆ ಅಂಜನ್‌ಕುಮಾರ್ ಮರ ಕೊಯ್ಯುವ ಪೆಟ್ರೋಲ್ ಮಷಿನ್ ತಂದ. ಅದರ ಸದ್ದು ತೋಟ ತುಂಬಿದಾಗ ಪ್ರಮೀಳಾ ಬರಿಗಾಲಲ್ಲಿ ಓಡಿ ಬಂದು ಎಳೆಯ ಮರವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ಅವನು ಜಡೆ ಹಿಡಿದು ಎಳೆದ. ಅವಳು ಬಿಡಲಿಲ್ಲ. ಹೊಟ್ಟೆಗೆ ಒದ್ದ. ಅವಳು ಅವನ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದಳು!

"ಮೊದ್ಲು ನನ್ನ ಕೊಯ್ರಿ! ಆಮೇಲೆ ಮರ ಕೊಯ್ರಿ! ಜೀವ ಇರೋವಾಗ ಅವ್ನನ್ನ ಉಳಿಸ್ಕೊಳ್ಳೋಕಾಗ್ಲಿಲ್ಲ ನಂಗೆ... ಈಗ ಬಿಡಲ್ಲ... ಬಿಡಲ್ಲ!"

"ಇರು, ಮೊದ್ಲು ಹಳೇದು ಕೆಡವ್ತೀನಿ. ಆಮೇಲೆ ನಿಂದು" ಎಂದು ಹಲ್ಲು ಕಡಿಯುತ್ತ ಅವನು ಪಕ್ಕದ ಮರಕ್ಕೆ ಮಷಿನ್ ಇಟ್ಟ. ಮರದ ಹೊಟ್ಟು ಹಾರಿ ಅವಳ ಕಣ್ಣಿಗೆ, ಬಾಯಿಗೆ ತುಂಬಿತು. ಅಷ್ಟೆತ್ತರದ ಮರ ಒಮ್ಮೆ ನರಳಿ, ಅಡಿಕೆ ಗಿಡಗಳನ್ನು ಜಜ್ಜಿ, ನೀರಿನ ಪೈಪುಗಳನ್ನು ಸೀಳಿ ಧಡಾರನೆ ಬಿತ್ತು. ಕಾಯಿಗಳು ನಾಲ್ಕೂ ದಿಕ್ಕಿಗೆ ಉರುಳಿದವು. "ಭೇಷ್" ಎಂದಳು ರಂಗಲಕ್ಷ್ಮಮ್ಮ.

ಆಗ ಮನೆಯ ಕಡೆಯಿಂದ ಒಂದು ಕೂಗು ಕೇಳಿಸಿತು. ಅದು ಮನುಷ್ಯರ ಕೂಗಿನಂತಿರಲಿಲ್ಲ. ಲಕ್ಷ್ಮೀನರಸಿಂಹಯ್ಯನವರು ಬಿದ್ದ ಕಾಲನ್ನು ಎಳೆದುಕೊಂಡು, ಮಣ್ಣಿನಲ್ಲಿ ತೆವಳುತ್ತ ಬರುತ್ತಿದ್ದರು. ಪಂಚೆ ಕಳಚಿ ಮೊಣಕಾಲು ತರಚಿತ್ತು. ಯಾರ ಕಡೆಗೂ ನೋಡದೆ ಬಂದವರೇ ಆ ಹಸಿ ಬುಡದ ಮೇಲೆ ಮುಖವಿಟ್ಟು ಬಿಕ್ಕಿದರು.

"ತಿಪ್ಪಿ... ತಿಪ್ಪೀ... ರಂಗೀ... ನಮ್ ತಿಪ್ಪಿ..."

ರಂಗಲಕ್ಷ್ಮಮ್ಮನ ಮುಖದ ಬಣ್ಣವೇ ಹೋಯಿತು. ಆ ಹೆಸರನ್ನು ಆ ಮನೆಯಲ್ಲಿ ನಲವತ್ತೆಂಟು ವರ್ಷದಿಂದ ಯಾರೂ ಎತ್ತಿರಲಿಲ್ಲ. ಅವಳಿಗೆ ಮೊದಲ ಎರಡು ಮಕ್ಕಳು ಹುಟ್ಟುತ್ತಲೇ ಹೋಗಿದ್ದವು. ಮೂರನೆಯದಾದರೂ ಉಳಿಯಲೆಂದು ಹೆಣ್ಣುಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಮ್ಮನೆಂದು ಹೆಸರಿಟ್ಟಿದ್ದರು. ಹತ್ತು ತಿಂಗಳು ಅವಳ ಮಡಿಲಲ್ಲಿ ನಕ್ಕು, ತೆವಳಿ, "ಅವ್ವ" ಎಂದು ಕರೆದು ಅದೂ ಹೋಯಿತು. ಎಲ್ಲಿ ಮಣ್ಣು ಮಾಡಿದಿರಿ ಎಂದು ಅವಳು ಗಂಡನ ಕಾಲು ಹಿಡಿದು ಕೇಳಿದ್ದಳು. ಪದ್ಧತಿಗೆ ಕಟ್ಟುಬಿದ್ದ ಗಂಡ ಹೇಳಲಿಲ್ಲ. ಹತ್ತು ವರ್ಷದ ಮೇಲೆ ಅಂಜನ್‌ಕುಮಾರ್ ಹುಟ್ಟಿದ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಬಿಟ್ಟಳೆಂದು ಎಲ್ಲರೂ ತಿಳಿದರು!

"ಅದಕ್ಕೇ..." ಅವಳು ಗಂಡನ ಹೆಗಲು ಹಿಡಿದಳು. "ಅದಕ್ಕೇ ಈ ಮರದ ಒಂದು ಕಾಯಿನೂ ಒಳಕ್ಕೆ ತರ್ತಿರ್ಲಿಲ್ವಾ ನೀವು? ರುಚಿ ಇಲ್ಲ, ರುಚಿ ಇಲ್ಲ ಅಂತ ಹಾದೀಲಿ ಹೋಗೋರ್ಗೆಲ್ಲ ಕೊಡ್ತಿದ್ರಲ್ಲಾ... ನಾನು ಜಗಳ ಆಡ್ತಿದ್ನಲ್ಲಾ... ಅಯ್ಯೋ! ದಿನಾ ಇದರ ನೆಳ್ಳಲ್ಲೇ ಕೂತು ಊಟ ಮಾಡ್ದೆ! ನನ್ ಮಗಳ ಪಕ್ಕದಲ್ಲೇ ಕೂತಿದ್ದೆ, ಗೊತ್ತಾಗ್ಲಿಲ್ವಲ್ಲಾ! ನನ್ ಬಾಯಾರೆ ಹೇಳಿ ಕಡಿಸಿಬುಟ್ನಲ್ಲಾ!"

ಅವಳು ಎದೆ ಎದೆ ಬಡಿದುಕೊಂಡಳು. ಬಿದ್ದ ಗರಿಗಳ ನಡುವೆ ಹೊರಳಿದಳು. ಆದರೆ ಅಂಜನ್‌ಕುಮಾರನ ತಲೆಗೆ ಏರಿದ ಹುಚ್ಚು ಇಳಿದಿರಲಿಲ್ಲ. "ಎಲ್ರೂ ಸೇರ್ಕೊಂಡು ನಾಟಕ ಆಡ್ತೀರಾ? ಒಂದು ಹೋಯ್ತು, ಇನ್ನೊಂದೂ ಹೋಗ್ಲಿ!" ಎಂದು ಗುರ್ರೆನ್ನುವ ಮಷಿನ್ ಹಿಡಿದು ಪ್ರಮೀಳಾಳ ಕಡೆ ತಿರುಗಿದ. ಅವಳು ಕಣ್ಣು ಮುಚ್ಚಿ ಮರವನ್ನು ಇನ್ನೂ ಬಿಗಿಯಾಗಿ ಅಪ್ಪಿದಳು. ಅವಳ ಮೊಣಕೈಗೂ ಆ ಹಲ್ಲುಗಳಿಗೂ ಗೇಣುದ್ದ ಮಾತ್ರ ಅಂತರ...

"ಮುಟ್ಬೇಡ್ಲಾ!"

ಅರವತ್ತೆಂಟು ವರ್ಷದ ಆ ಮುದುಕಿ ಅದೆಲ್ಲಿಂದ ಹಾರಿ ಬಂದಳೋ! ಸೊಸೆಗೂ ಮಷಿನ್ನಿಗೂ ನಡುವೆ ನುಗ್ಗಿ, ತಿರುಗುತ್ತಿದ್ದ ಹಲ್ಲುಗಳನ್ನು ಬರಿಗೈಯಿಂದ ಆಚೆ ತಳ್ಳಿಬಿಟ್ಟಳು. ಕ್ಷಣದಲ್ಲಿ ಮುಗಿದುಹೋಯಿತು. ರಕ್ತ ಪ್ರಮೀಳಾಳ ಕೆನ್ನೆಗೆ, ಮರದ ಬುಡಕ್ಕೆ ಚಿಮ್ಮಿತು. ರಂಗಲಕ್ಷ್ಮಮ್ಮನ ಬಲಗೈಯ ಎರಡು ಬೆರಳುಗಳು ಹೊಟ್ಟಿನ ಮೇಲೆ ಬಿದ್ದಿದ್ದವು.

ಮಷಿನ್ ಅಂಜನ್‌ಕುಮಾರನ ಕೈಯಿಂದ ಜಾರಿತು. "ಅಮ್ಮಾ..." ಎಂದು ಅವನು ಹತ್ತಿರ ಬಂದಾಗ ಅವಳು ಎಡಗೈಯಲ್ಲಿ ಒಂದು ತೆಂಗಿನ ಮಟ್ಟೆ ಎತ್ತಿ ಅವನ ಮುಖಕ್ಕೆ ಬಾರಿಸಿದಳು. ಮತ್ತೊಂದು, ಇನ್ನೊಂದು. ಅವನು ತಡೆಯಲಿಲ್ಲ. ಹೊಡೆಯುತ್ತಲೇ ಅವಳು ಸೊಸೆಯ ಮೇಲೆ ಕುಸಿದಳು. ಪ್ರಮೀಳಾ ತನ್ನ ಸೆರಗನ್ನು ಹರಿದು ಆ ಕೈಗೆ ಬಿಗಿದು ಸುತ್ತಿದಳು. ಅವಳ ಹೆಗಲಿನ ಬರೆಗಳಿಂದ ಇನ್ನೂ ನೀರು ಒಸರುತ್ತಿತ್ತು.

ತುಮಕೂರಿನ ಆಸ್ಪತ್ರೆಯಲ್ಲಿ ಬೆರಳು ಜೋಡಿಸಲು ಆಗುವುದಿಲ್ಲವೆಂದರು. ಮೂರನೆಯ ದಿನ ರಂಗಲಕ್ಷ್ಮಮ್ಮ ಸೊಸೆಯನ್ನು ಹತ್ತಿರ ಕರೆದಳು.

"ನಿಂಗೆ ಅಳೋಕೆ ಒಂದು ಮರ ಇತ್ತು ಕಣೇ ಪ್ರಮೀಳಾ. ನಂಗೆ ಅದೂ ಇರ್ಲಿಲ್ಲ. ನೀನು ಅಲ್ಲಿ ಕೂತು ಅತ್ತಾಗೆಲ್ಲ ನನ್ನ ಹೊಟ್ಟೆ ಉರೀತಿತ್ತು. ಇವಳಿಗೊಂದು ಜಾಗ ಐತೆ, ನನ್ ಕೂಸು ಎಲ್ಲೈತೋ ಅಂತ... ಅದಕ್ಕೇ ಕಡಿಸೋಕೆ ಹೊಂಟೆ. ನಿನ್ನ ಮೈಮೇಲೆ ಹಗ್ಗ ಬೀಳೋವಾಗ ನಿಂತು ನೋಡ್ದೆ. ಪಾಪಿ ನಾನು!"

ಪ್ರಮೀಳಾಳ ಕಣ್ಣು ತುಂಬಿತು. ಅತ್ತೆಯ ಬ್ಯಾಂಡೇಜು ಕಟ್ಟಿದ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಬಾಗಿಲಾಚೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ ಮಗನನ್ನು ರಂಗಲಕ್ಷ್ಮಮ್ಮ ಒಳಗೆ ಕರೆಯಲಿಲ್ಲ. ಕೂತಲ್ಲಿಂದಲೇ ಹೇಳಿದಳು: "ನೀನು ತುಮಕೂರಲ್ಲೇ ಒಂದು ರೂಮ್ ಮಾಡ್ಕೊಂಡು ಇರು. ಯಾವತ್ತು ಮನೆಗೆ ಬರಬೇಕು ಅಂತ ಅವಳು ಹೇಳ್ತಾಳೆ, ನಾನಲ್ಲ." ಅಂಜನ್‌ಕುಮಾರ್ ಹೆಂಡತಿಯ ಮುಖ ನೋಡಿದ. ಅವಳು ನೋಡಲಿಲ್ಲ. ಕೈ ಮುಗಿದು ಎದ್ದು ಹೋದ.

ಡಿಸ್ಚಾರ್ಜ್ ಆದ ದಿನ ಅತ್ತೆ ಸೊಸೆ ನೇರ ಊರಿಗೆ ಹೋಗಲಿಲ್ಲ. ಶೋರೂಮಿನ ಬಾಗಿಲಲ್ಲಿ ಆಟೋ ನಿಲ್ಲಿಸಿ, ರಂಗಲಕ್ಷ್ಮಮ್ಮನೇ ಸಣ್ಣ ಗಾಡಿಯ ಮುಂದೆ ಹೋಗಿ ನಿಂತಳು. "ಇದೇ ಕೊಡವ್ವ. ಓಡಿಸೋಳು ಇವಳು" ಎಂದಳು.

ನಾಲ್ಕು ತಿಂಗಳು ಕಳೆದವು. ಅಂದು ಉರುಳಿದ ಕಾಯಿಗಳಲ್ಲಿ ಒಂದನ್ನು ಪ್ರಮೀಳಾ ಮರಳಲ್ಲಿ ಹೂತಿದ್ದಳು; ಅದು ಮೊಳೆತಾಗ ತಂದು ಹಳೆಯ ಬುಡದ ಪಕ್ಕದಲ್ಲೇ ನೆಟ್ಟಳು. ಮಂಚವನ್ನು ಜಗಲಿಗೆ ತಂದ ಮೇಲೆ ಮುದುಕರು ಅಲ್ಲಿಂದಲೇ ಆ ಸಸಿಯನ್ನು ನೋಡುತ್ತ ಕೂರುತ್ತಾರೆ. ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಸಣ್ಣ ಟ್ರ್ಯಾಕ್ಟರ್ ಅಡಿಕೆಯ ಸಾಲಿನೊಳಗೆ ಮಣ್ಣು ಮಗುಚುತ್ತ ಬಂತು. ಸೀಟಿನಲ್ಲಿ ಪ್ರಮೀಳಾ. ಬಡಗಣ ತುದಿಯಲ್ಲಿ ಮರಕ್ಕೂ ಸಸಿಗೂ ಮುಂದೆ ರಂಗಲಕ್ಷ್ಮಮ್ಮ ನಿಂತಿದ್ದಳು. ಅಳತೆಯ ಹಗ್ಗವನ್ನು ಅವಳೇ ನೆಲದ ಮೇಲೆ ಹಾಸಿ, ಇದರೊಳಗೇ ಹೊರಳಬೇಕೆಂದು ಗುರುತು ಮಾಡಿದ್ದಳು. ಮೂರು ಬೆರಳಿನ ಕೈ ಎತ್ತಿ ದಾರಿ ತೋರಿಸಿದಳು.

"ಇನ್ನೊಂಚೂರು ಎಡಕ್ಕೆ... ಹಾಂ, ಬಾ... ಬಾ..."

ಗಾಡಿ ಹಗ್ಗ ಮುಟ್ಟದೆ ತಿರುಗತೊಡಗಿತು. ರಂಗಲಕ್ಷ್ಮಮ್ಮ ಒಮ್ಮೆ ಹಿಂದಕ್ಕೆ ತಿರುಗಿ ನೋಡಿ, ದನಿ ತಗ್ಗಿಸಿದಳು.

"ಸದ್ದು ಕಡಿಮೆ ಮಾಡೇ. ಮಕ್ಳು ಮಲಗವೆ."

ಪ್ರಮೀಳಾ ಆಕ್ಸಿಲರೇಟರ್ ಇಳಿಸಿದಳು.